ಕೆಂಡ ಸುಡುವುದಿಲ್ಲವಾ ಟೀಚರ್?

“ಒತ್ತೆಕೋಲದಲ್ಲಿ ದೈವ ಕೆಂಡಕ್ಕೆ ಬೀಳ್ತದಲ್ಲ, ಅದಕ್ಕೆ ಸುಡುವುದಿಲ್ಲವಾ ಟೀಚರ್?” ಸುಳ್ಯ ಕಡೆಯ ಐದನೇ ಕ್ಲಾಸಿನ ಹುಡುಗಿ ವಾಟ್ಸಾಪಿನಲ್ಲಿ ಕಳಿಸಿದ ಪ್ರಶ್ನೆ. ಅವಳ ಬೆನ್ನಿಗೇ ಇನ್ನೊಂದು ಸ್ವರ, ಅಜ್ಜಿಯದ್ದಿರಬೇಕು: “ಅದನ್ನೆಲ್ಲ ಕೇಳ್ಲಿಕ್ಕಿಲ್ಲ ಮಗಾ.”

ಕೇಳಲಿಕ್ಕಿಲ್ಲ ಎಂದ ಅಜ್ಜಿ ಉತ್ತರ ಬರುವಾಗ ಅಲ್ಲೇ ಕೂತಿರುತ್ತಾರೆ. ನನ್ನ ಕೆಲಸದ ಕಷ್ಟವೂ ಸೊಗಸೂ ಅದರಲ್ಲೇ ಉಂಟು.

ಕಡಬ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಮಕ್ಕಳ ಪ್ರಶ್ನೆಗಳಿಗೆ ಬರೀ ಸ್ವರದಲ್ಲಿ ಉತ್ತರ ಕಳಿಸುವುದು ಶುರುವಾದದ್ದು ಕೊರೋನಾ ಕಾಲದಲ್ಲಿ. ಸುಳ್ಯದ ಹಳ್ಳಿಗಳಲ್ಲಿ ಮಕ್ಕಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿ, ಟಾರ್ಪಾಲು ಕಟ್ಟಿ ಪಾಠ ಕೇಳಿದ್ದು ಆಗ ಪೇಪರುಗಳಲ್ಲೆಲ್ಲ ಬಂದಿತ್ತು. ವಿಡಿಯೋ ತೆರೆಯುತ್ತಲೇ ಇರಲಿಲ್ಲ. ಬರೀ ಮಾತಿನ ಸಣ್ಣ ಫೈಲು ಮಾತ್ರ ಮಳೆಯಲ್ಲೂ ಹೇಗೋ ನುಸುಳಿಕೊಂಡು ಹೋಗುತ್ತಿತ್ತು. ಅವರು ಕೇಳುವುದು, ನಾನು ನಾಲ್ಕೈದು ನಿಮಿಷ ಮಾತಾಡಿ ಕಳಿಸುವುದು. ಶಾಲೆ ತೆರೆದ ಮೇಲೂ ನಿಲ್ಲಲಿಲ್ಲ.

ಪುಸ್ತಕದ ಉತ್ತರಕ್ಕೆ ಒಬ್ಬ ಓದುಗ. ಶಿವರಾಮ ಕಾರಂತರು ನಮ್ಮ ಪುತ್ತೂರಿನಲ್ಲೇ ಕೂತು ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಮೂರು ಸಂಪುಟ, ಆಮೇಲೆ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟ ತಂದರು. ಅವನ್ನು ಓದುವ ಮಗು ಅಟ್ಟದಲ್ಲಿ ಕೂತು ಓದಬಹುದು, ಅರ್ಥವಾಗದ ಪುಟಕ್ಕೆ ಹಿಂದಕ್ಕೆ ಹೋಗಬಹುದು, ದೇವರ ಬಗ್ಗೆ ಅನುಮಾನ ಹುಟ್ಟಿದರೆ ಯಾರಿಗೂ ಹೇಳದೆ ಇಟ್ಟುಕೊಳ್ಳಬಹುದು. ಸ್ವರಕ್ಕೆ ಆ ಗುಟ್ಟು ಇಲ್ಲ. ಫೋನು ಅಡಿಗೆಮನೆಯ ಕಟ್ಟೆಯ ಮೇಲಿರುತ್ತದೆ. ಅಮ್ಮ ಕಾಯಿ ಹೆರೆಯುತ್ತ, ಅಜ್ಜ ಜಗಲಿಯಲ್ಲಿ ಅಡಕೆ ಸುಲಿಯುತ್ತ ಕೇಳುತ್ತಾರೆ. ಪ್ರಶ್ನೆ ಮಗುವಿನದ್ದು, ಉತ್ತರ ಇಡೀ ಮನೆಗೆ. ಮಗುವಿಗೆ ಸತ್ಯ ಹೇಳುವಾಗ ಅದರ ಅಜ್ಜಿಯನ್ನು ಅದರೆದುರಿಗೇ ಸಣ್ಣದು ಮಾಡಬಹುದಾ? ಅಜ್ಜಿಯ ಮರ್ಯಾದೆ ಕಾಯಲು ಮಗುವಿಗೆ ಅರ್ಧ ಹೇಳಬಹುದಾ? ಎರಡೂ ಸಲ್ಲದು ಎಂದು ಹೇಳುವುದು ಸುಲಭ. ಮೈಕಿನ ಗುರುತು ಒತ್ತಿ ಬಾಯಿ ತೆರೆದಾಗ ಅಷ್ಟು ಸುಲಭ ಅಲ್ಲ.

ಕೆಂಡದ ಪ್ರಶ್ನೆಯನ್ನೇ ನೋಡಿ. ಭೌತಶಾಸ್ತ್ರದ ಮಟ್ಟಿಗೆ ಕಷ್ಟದ್ದಲ್ಲ. ಕೆಂಡ ಎಷ್ಟು ಕೆಂಪಗಿದ್ದರೂ ಒಳಗಿನ ಶಾಖವನ್ನು ಥಟ್ಟನೆ ಬಿಟ್ಟುಕೊಡುವುದಿಲ್ಲ; ಇದ್ದಿಲಿನಲ್ಲಿ ಶಾಖ ಹರಿಯುವುದು ನಿಧಾನ, ಮೇಲೆ ಬೂದಿಯ ಪದರ ಬೇರೆ. ನಡೆಯುವವನ ಪಾದ ಕೆಂಡಕ್ಕೆ ತಾಗಿರುವುದು ಒಂದು ಸೆಕೆಂಡಿಗಿಂತ ಕಡಿಮೆ. ಅಷ್ಟೇ ಬಿಸಿಯ ಕಬ್ಬಿಣದ ತಗಡಾಗಿದ್ದರೆ ಮೊದಲ ಹೆಜ್ಜೆಗೇ ಚರ್ಮ ಕಿತ್ತು ಬರುತ್ತಿತ್ತು. 1935ರಲ್ಲಿ ಇಂಗ್ಲೆಂಡಿನಲ್ಲಿ ಹ್ಯಾರಿ ಪ್ರೈಸ್ ಎಂಬವರು ಕಾಶ್ಮೀರದ ಜಾದೂಗಾರ ಖುದಾ ಬಕ್ಷ್ ಅವರನ್ನು ವಿಜ್ಞಾನಿಗಳ ಎದುರು ಕೆಂಡದ ಹೊಂಡದಲ್ಲಿ ನಡೆಸಿ ಪರೀಕ್ಷಿಸಿದರು. ಕಾಲು ಸುಟ್ಟಿರಲಿಲ್ಲ. 1937ರಲ್ಲಿ, ಯಾವ ವ್ರತವನ್ನೂ ಹಿಡಿಯದ ಒಬ್ಬ ಇಂಗ್ಲಿಷ್ ಮನುಷ್ಯನೂ ಹಾಗೆಯೇ ನಡೆದು ತೋರಿಸಿದ. ಭಕ್ತಿ ಬೇಡ, ಮಂತ್ರ ಬೇಡ, ಚುರುಕಾಗಿ ಹೆಜ್ಜೆ ಹಾಕಿದರೆ ಸಾಕು ಎಂದಾಯಿತು.

ಇಷ್ಟನ್ನೇ ಹೇಳಿ ಕಳಿಸಲು ನನಗೆ ಮನಸ್ಸಾಗಲಿಲ್ಲ. ಹತ್ತು ವರ್ಷದ ಮಗುವಿಗೆ ಕೆಂಡ ಸುಡುವುದಿಲ್ಲ ಎಂದು ಟೀಚರ್ ಹೇಳಿದರೆ ಬಚ್ಚಲ ಒಲೆಯ ಎದುರು ಏನಾಗಬಹುದು ಎಂಬ ಹೆದರಿಕೆ ಒಂದು. ಅದಕ್ಕಿಂತ ದೊಡ್ಡದು, ಒತ್ತೆಕೋಲದಲ್ಲಿ ಆಗುವುದು ನಡಿಗೆ ಅಲ್ಲ. ‘ಮೇಲೇರಿ’ ಎಂಬ ಸೌದೆಯ ಒಟ್ಟಿಲು ರಾತ್ರಿಯಿಡೀ ಉರಿದು ಬೆಳಗಿನ ಜಾವಕ್ಕೆ ಕೆಂಡದ ರಾಶಿಯಾಗುತ್ತದೆ. ತೆಂಗಿನ ಎಳೆಗರಿಯ ಉಡುಗೆ ತೊಟ್ಟ ವಿಷ್ಣುಮೂರ್ತಿ ದೈವ ಅದಕ್ಕೆ ಮೈಯನ್ನೇ ಒಡ್ಡಿ ಬೀಳುತ್ತದೆ, ಹಿಡಿದು ಎಬ್ಬಿಸುತ್ತಾರೆ, ಮತ್ತೆ ಬೀಳುತ್ತದೆ. ಹಸಿ ಗರಿ ಶಾಖವನ್ನು ತಡೆಯುತ್ತದೆ, ಪೂರ್ತಿ ತಡೆಯುವುದಿಲ್ಲ. ಆ ಗರಿಯ ಒಳಗಿರುವುದು ಮನುಷ್ಯನ ಚರ್ಮ.

ದೈವಕ್ಕೆ ಸುಡುವುದಿಲ್ಲ ಎಂದು ಊರು ಹೇಳಿದಾಗ ಆ ಮನುಷ್ಯನ ನೋವು ಲೆಕ್ಕದಿಂದ ಬಿಟ್ಟುಹೋಗುತ್ತದೆ. ಇದ್ದಿಲಿನಲ್ಲಿ ಶಾಖ ನಿಧಾನ ಹರಿಯುತ್ತದೆ, ಅದರಲ್ಲೇನು ವಿಶೇಷ ಎಂದು ನಾನು ಹೇಳಿದರೂ ಬಿಟ್ಟುಹೋಗುವುದು ಅದೇ ನೋವು. ಭಕ್ತಿಯ ಅವಸರ, ವಿಜ್ಞಾನದ ಅವಸರ ಎರಡೂ ಒಂದೇ ಜಾಗದಲ್ಲಿ ಕುರುಡು. ಹಾಗಾಗಿ ನಾನು ಕಳಿಸಿದ ಉತ್ತರ ಹೀಗೆ ಶುರುವಾಗಿತ್ತು: ಸುಡುತ್ತದೆ ಮಗಾ. ನಾವು ನೆನೆಸಿದಷ್ಟು ಸುಡುವುದಿಲ್ಲ, ಯಾಕೆಂದು ಹೇಳುತ್ತೇನೆ, ಆದರೆ ಸುಡುತ್ತದೆ. ಗೊತ್ತಿದ್ದೂ ಅವರು ಬೀಳುತ್ತಾರೆ. ಅವರು ಯಾಕೆ ಬೀಳುತ್ತಾರೆ ಎಂಬುದಕ್ಕೆ ನನ್ನ ಪುಸ್ತಕದಲ್ಲಿ ಉತ್ತರ ಇಲ್ಲ. ಅದನ್ನು ಅವರನ್ನೇ ಕೇಳಬೇಕು, ಅಜ್ಜಿಯನ್ನೂ ಕೇಳಬಹುದು.

ಪ್ರಶ್ನೆ ಕೇಳುವುದಕ್ಕೆ ನಮ್ಮ ಊರುಗಳಲ್ಲಿ ಮೊದಲಿನಿಂದಲೂ ನಿಶ್ಚಿತ ಜಾಗಗಳಿವೆ. ದನ ಸತ್ತರೆ, ಸಂಬಂಧ ಮುರಿದರೆ ಜೋಯಿಸರಲ್ಲಿ ಪ್ರಶ್ನೆ ಇಡಿಸುತ್ತಾರೆ. ಕವಡೆ ಉತ್ತರ ಕೊಡುತ್ತದೆ. ಕೋಲದಲ್ಲಿ ಕೈಮುಗಿದು ಅರಿಕೆ ಮಾಡಿದರೆ ದೈವ ನುಡಿ ಕೊಡುತ್ತದೆ. “ನಿಮಗೆ ಹೇಗೆ ಗೊತ್ತು?” ಎಂದು ಅಲ್ಲಿ ಯಾರೂ ತಿರುಗಿ ಕೇಳುವುದಿಲ್ಲ, ಕೇಳುವುದು ಕ್ರಮವೂ ಅಲ್ಲ. 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾದ ಮೇಲೆ ಅಂಥದ್ದೇ ಇನ್ನೊಂದು ಜಾಗ ಮನೆಯೊಳಗೇ ಹುಟ್ಟಿಕೊಂಡಿತು. 1991ರಲ್ಲಿ ಆಕಾಶವಾಣಿಯೂ ಕೇಂದ್ರ ಸರಕಾರದ ವಿಜ್ಞಾನ ಇಲಾಖೆಯೂ ಸೇರಿ ಮನುಷ್ಯ ವಿಕಾಸಗೊಂಡ ಕತೆಯನ್ನು 18 ಭಾಷೆಗಳಲ್ಲಿ, ಮಕ್ಕಳಿಗಾಗಿ, ನೂರಕ್ಕೂ ಹೆಚ್ಚು ಕಂತುಗಳಲ್ಲಿ ಹೇಳಹೊರಟವು. ದೊಡ್ಡ ಸಾಹಸ. ಆದರೆ “ರೇಡಿಯೋದಲ್ಲೇ ಹೇಳಿದ್ದಾರೆ” ಎಂಬುದು ನಮ್ಮಲ್ಲಿ ವಾದ ಮುಗಿಸುವ ಮಾತಾಗಿತ್ತು, ನುಡಿಯಾದ ಮೇಲೆ ಮಾತಿಲ್ಲ ಎನ್ನುವ ಹಾಗೆಯೇ. ಈಗ ಪುತ್ತೂರಿನಲ್ಲೇ ರೇಡಿಯೋ ಪಾಂಚಜನ್ಯ ಇದೆ, 90.8ರಲ್ಲಿ. ಸಮುದಾಯ ರೇಡಿಯೋಗಳಿಗೆ ಕೊಟ್ಟ ಶಕ್ತಿ 100 ವಾಟ್ ಮಾತ್ರ, ಗುಡ್ಡ ಅಡ್ಡ ಬಂದರೆ ಸ್ವರ ಅಲ್ಲಿಗೇ ನಿಂತಿತು. ಆದರೂ ಮುಖ ಕಾಣದ ಸ್ವರಕ್ಕೆ ಇರುವ ಗತ್ತು ವಾಟಿನಲ್ಲಿ ಅಳೆಯುವಂಥದ್ದಲ್ಲ. ನನ್ನ ವಾಟ್ಸಾಪ್ ಸ್ವರಕ್ಕೂ ಅದು ಒಂದಿಷ್ಟು ಅಂಟಿಕೊಂಡಿದೆ. “ಟೀಚರ್ ಹೇಳಿದ್ದಾರೆ” ಎಂದು ಮಗು ಅಜ್ಜನ ಬಾಯಿ ಮುಚ್ಚಿಸಿತು ಅಂತ ಒಬ್ಬ ತಾಯಿ ಹೆಮ್ಮೆಯಿಂದ ಹೇಳಿದಾಗ ನನಗೆ ಖುಷಿಯಾಗಲಿಲ್ಲ. ಆ ಮನೆಯಲ್ಲಿ ವಿಜ್ಞಾನ ಬೆಳೆದಿಲ್ಲ, ಹೊಸ ದೈವವೊಂದನ್ನು ನಂಬಿದ್ದಾರೆ ಅಷ್ಟೆ.

ಇದಕ್ಕೆ ಮದ್ದು ಏನೆಂದು ಹುಡುಕಿದರೆ ಛಾಂದೋಗ್ಯದ ಉದ್ದಾಲಕ ಸಿಗುತ್ತಾನೆ. ಉಪ್ಪು ಕರಗಿಸಿದ, ಆಲದ ಹಣ್ಣು ಒಡೆಸಿದ ಕತೆ ಎಲ್ಲರಿಗೂ ಗೊತ್ತು. ನನಗೆ ಇಷ್ಟ ಅದಕ್ಕೂ ಮೊದಲಿನದ್ದು. ಮನಸ್ಸು ಅನ್ನದಿಂದ ಆದದ್ದು ಎಂದು ಮಗ ಶ್ವೇತಕೇತುವಿಗೆ ಹೇಳಿ ಅವನು ಸುಮ್ಮನಾಗುವುದಿಲ್ಲ. 15 ದಿನ ಊಟ ಬಿಡು, ನೀರು ಬೇಕಾದಷ್ಟು ಕುಡಿ ಎನ್ನುತ್ತಾನೆ. ಹದಿನಾರನೆಯ ದಿನ ವೇದ ಹೇಳು ಎಂದರೆ ಹುಡುಗನಿಗೆ ಒಂದೂ ನೆನಪಾಗುವುದಿಲ್ಲ. ಉಂಡು ಬಂದ ಮೇಲೆ ಎಲ್ಲ ನೆನಪಾಗುತ್ತದೆ. ವೇದವೇ ನೆನಪಿಗೆ ಬಾರದ ಹಾಗೆ ಮಾಡಿ ಪಾಠ ಕಲಿಸಿದ ಅಪ್ಪ! ನನ್ನ ಉತ್ತರಗಳಲ್ಲೂ ಮಗುವೇ ಮಾಡಿ ನೋಡುವ ಒಂದು ಕೆಲಸ ಇರಲೇಬೇಕು ಎಂದು ಇಟ್ಟುಕೊಂಡಿದ್ದೇನೆ. ಎಲೆಯಡಕೆ ಜಗಿದರೆ ಬಾಯಿ ಯಾಕೆ ಕೆಂಪು ಎಂದು ಕೇಳಿದವನಿಗೆ, ಹಸಿ ಅಡಕೆ ಹೋಳಿಗೆ ಸುಣ್ಣ ಸವರಿ ನೋಡು, ಬಾಯಿಗೆ ಮಾತ್ರ ಹಾಕಬೇಡ ಎಂದೆ. ಅಡಕೆಯ ಒಗರು ಸುಣ್ಣದ ಕ್ಷಾರ ಸೇರಿದಾಗ ಕೆಂಪಾಗುತ್ತದೆ ಎಂಬುದನ್ನು ಆಮೇಲೆ ಹೇಳಿದರೂ ಸಾಕು.

ಮಾಡಿ ನೋಡುವುದೂ ಎಲ್ಲ ಕಡೆ ನಡೆಯುವುದಿಲ್ಲ. 2019ರ ಡಿಸೆಂಬರ್ 26ರ ಬೆಳಿಗ್ಗೆ ಸೂರ್ಯಗ್ರಹಣವಾಯಿತಲ್ಲ, ಕಾಸರಗೋಡಿನ ಚೆರುವತ್ತೂರಿನಲ್ಲಿ ಪೂರ್ತಿ ಬಳೆಯಾಗಿ ಕಂಡದ್ದು. ಚಂದ್ರ ಆಗ ಭೂಮಿಯಿಂದ ದೂರವಿದ್ದು ಸಣ್ಣದಾಗಿ ಕಾಣುತ್ತಿದ್ದುದರಿಂದ ಸೂರ್ಯನ ಅಂಚು ಸುತ್ತಲೂ ಉಳಿಯಿತು. ಸೋಗೆಗಳ ಸಂದಿಯಿಂದ ಅಂಗಳಕ್ಕೆ ಬಿದ್ದ ಬೆಳಕಿನ ಚುಕ್ಕೆಗಳೆಲ್ಲ ಬಿದಿಗೆ ಚಂದ್ರನ ಆಕಾರಕ್ಕೆ ತಿರುಗಿದ್ದವು. ಅದನ್ನು ನೆನಪಿಟ್ಟುಕೊಂಡ ಹುಡುಗನೊಬ್ಬ ಎಷ್ಟೋ ಸಮಯ ಕಳೆದು ಕೇಳಿದ: ಗ್ರಹಣ ಬರೀ ನೆರಳಾದರೆ ಆಗ ಉಂಡರೆ ಎಂತ ಆಗ್ತದೆ? ಏನೂ ಆಗುವುದಿಲ್ಲ, ನಾನು ಅವತ್ತು ಅವಲಕ್ಕಿ ತಿಂದಿದ್ದೇನೆ ಎಂದೆ. ಅವನ ಅಜ್ಜಿಯಿಂದ ಮರುಟಪಾಲು: “ಅವರ ಗ್ರಹಗತಿ ಒಳ್ಳೆದುಂಟು, ಅದಕ್ಕೆ ಏನೂ ಆಗ್ಲಿಲ್ಲ.” ನಕ್ಕುಬಿಟ್ಟೆ, ಆದರೆ ಮಾತಿನಲ್ಲಿ ತಿರುಳಿತ್ತು. ಒಬ್ಬಳು ತಿಂದು ಬದುಕಿದ್ದು ಪುರಾವೆ ಅಲ್ಲವೇ ಅಲ್ಲ. ಗ್ರಹಣ ಕಂಡ ದೇಶಗಳಲ್ಲಿ ಆ ಹೊತ್ತು ಉಂಡ ಕೋಟಿಗಟ್ಟಲೆ ಜನರನ್ನು ಲೆಕ್ಕಕ್ಕೆ ಹಿಡಿಯಬೇಕು. ಅಜ್ಜಿಗೂ ತಿರುಗಿ ಒಂದು ಪ್ರಶ್ನೆ ಕಳಿಸಿದೆ: ಏನಾದರೆ ನಿಮ್ಮ ಮಾತು ತಪ್ಪು ಎಂದು ಒಪ್ಪುತ್ತೀರಿ? ಅದಕ್ಕೆ ಉತ್ತರ ಬರಲಿಲ್ಲ. ಅಜ್ಜಿ ಉಪವಾಸ ಬಿಡಲೂ ಇಲ್ಲ, ಬಿಡಬೇಕೆಂದು ನನಗೂ ಇರಲಿಲ್ಲ.

ವಿಜ್ಞಾನಕ್ಕೆ ‘ಹೇಗೆ’, ಧರ್ಮಕ್ಕೆ ‘ಯಾಕೆ’ ಎಂದು ಗಡಿ ಹಾಕಿಕೊಂಡರೆ ಜಗಳವೇ ಇಲ್ಲ ಎಂದು ಹೇಳುವವರಿದ್ದಾರೆ. ಅಮೆರಿಕದ ಜೀವವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ 1997ರಲ್ಲಿ ಇಂಥದೇ ರಾಜಿಸೂತ್ರ ಬರೆದರು. ಓದಲು ಚಂದ. ಸಂಪಾಜೆಯ ಅಡಕೆ ತೋಟದಲ್ಲಿ ಅದು ನಿಲ್ಲುವುದಿಲ್ಲ. ಆ ಕಡೆಯ ಹುಡುಗನೊಬ್ಬ ಕೇಳಿದ್ದು: “ನಮ್ಮ ತೋಟಕ್ಕೆ ಹಳದಿ ರೋಗ ಬಂದದ್ದು ನಾಗದೋಷದಿಂದ ಅಂತೆ. ಹೌದಾ?” ಇಲ್ಲಿ ನಾಗದೋಷ ಎಂಬುದು ಬದುಕಿನ ಅರ್ಥದ ಮಾತಲ್ಲ, ಕಾರಣದ ಮಾತು. ಹೌದು ಅಥವಾ ಅಲ್ಲ ಎನ್ನಲೇಬೇಕು. ನಾನು ಅಲ್ಲ ಎಂದೆ. ಹಳದಿ ಎಲೆ ರೋಗ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ. ಅದು ಮರದ ಆಹಾರ ಹರಿಯುವ ನಾಳಗಳಲ್ಲಿ ಸೇರಿಕೊಳ್ಳುತ್ತದೆ. ರಸ ಹೀರುವ ಸಣ್ಣ ಜಿಗಿಹುಳ ಒಂದು ಮರದಿಂದ ಇನ್ನೊಂದಕ್ಕೆ ದಾಟಿಸುತ್ತದೆ. ಬಂದ ಮರಕ್ಕೆ ಮದ್ದಿಲ್ಲ. ನಾಗಬನದಲ್ಲಿ ತಂಬಿಲ ಸೇವೆ ತಪ್ಪದೆ ಕೊಟ್ಟವರ ತೋಟಕ್ಕೂ ಬಂದಿದೆ, ಕೊಡದವರ ತೋಟಕ್ಕೂ ಬಂದಿದೆ. ಅದನ್ನು ಯಾರೂ ನೋಡಿ ಬರಬಹುದು.

ಅಷ್ಟಕ್ಕೇ ಆ ಹುಡುಗನ ಅಜ್ಜನ ಪ್ರಶ್ನೆ ತೀರಿತಾ? ಆಗಿನ ಸುಡಾನಿನ ಅಜಾಂಡೆ ಜನರ ಬಗ್ಗೆ ಮಾನವಶಾಸ್ತ್ರಜ್ಞ ಇವಾನ್ಸ್ ಪ್ರಿಚರ್ಡ್ 1937ರಲ್ಲಿ ಬರೆದ ಪುಸ್ತಕದಲ್ಲಿ ಒಂದು ಕಣಜ ಕೆಳಗೆ ಕೂತವರ ಮೇಲೆ ಬೀಳುತ್ತದೆ. ಕಂಬವನ್ನು ಗೆದ್ದಲು ತಿಂದಿದೆ ಎಂದು ಅಜಾಂಡೆಯವರಿಗೂ ಗೊತ್ತು. ಅವರು ಕೇಳುವುದು, ಇವರೇ ಕೆಳಗೆ ಕೂತಿದ್ದಾಗ, ಅದೇ ಗಳಿಗೆಯಲ್ಲಿ ಯಾಕೆ ಬಿತ್ತು ಎಂದು. ಸಂಪಾಜೆಯ ಅಜ್ಜನೂ ಜಿಗಿಹುಳವನ್ನು ಒಪ್ಪುತ್ತಾರೆ. ಕೈಯಾರೆ ನೆಟ್ಟ ತೋಟಕ್ಕೇ ಆ ಹುಳ ಯಾಕೆ ಬಂತು ಎಂಬುದು ಅವರ ತಲೆ ತಿನ್ನುವುದು. ಆಕಸ್ಮಿಕ ಎನ್ನಬಹುದು, ಸರಿಯಾದ ಉತ್ತರ, ತಬ್ಬಿಕೊಳ್ಳಲು ಬಾರದ ಉತ್ತರ. ನಾಗದೋಷದ ಉತ್ತರ ಸಮಾಧಾನ ಕೊಡುತ್ತದೆ, ಜತೆಗೆ ತಪ್ಪೂ ಹೊರಿಸುತ್ತದೆ: ನಿಮ್ಮವರು ಏನೋ ಮಾಡಿದ್ದೀರಿ, ಅದಕ್ಕೇ ಹೀಗೆ. ಆ ಹೊರೆಯನ್ನು ಇಳಿಸುವುದರಲ್ಲಿ ವಿಜ್ಞಾನಕ್ಕೆ ಒಂದು ಕರುಣೆ ಇದೆ ಎಂದು ನನಗೆ ಅನಿಸುತ್ತದೆ. ಸ್ವರದಲ್ಲಿ ನಾನು ಒತ್ತಿ ಹೇಳಿದ್ದೂ ಅದನ್ನೇ: ಇದರಲ್ಲಿ ನಿನ್ನ ಅಜ್ಜನ ತಪ್ಪು ಏನೂ ಇಲ್ಲ ಮಗಾ.

ಅದಕ್ಕೂ ಮುಂದೆ ಕೇಳಿದರೆ ಗೊತ್ತಿಲ್ಲ ಎನ್ನಬೇಕಾಗುತ್ತದೆ. ಪ್ರಶ್ನೋಪನಿಷತ್ತಿನಲ್ಲಿ ಸುಕೇಶನೆಂಬವನು ತನ್ನ ಕತೆ ಹೇಳುತ್ತಾನೆ. ಕೋಸಲದ ರಾಜಕುಮಾರ ಬಂದು ಹದಿನಾರು ಕಲೆಗಳ ಪುರುಷನ ಬಗ್ಗೆ ಕೇಳಿದ. ನನಗೆ ಗೊತ್ತಿಲ್ಲ, ಗೊತ್ತಿದ್ದರೆ ಹೇಳದೆ ಇರುತ್ತಿದ್ದೆನೇ, ಸುಳ್ಳು ಹೇಳಿದವನು ಬೇರುಸಹಿತ ಒಣಗಿಹೋಗುತ್ತಾನೆ ಎಂದು ಸುಕೇಶ ಹೇಳಿದ. ರಾಜಕುಮಾರ ಮಾತಾಡದೆ ರಥ ಹತ್ತಿ ಹೋದ. ಸುಕೇಶನೂ ಜತೆಯವರೂ ಕೇಳಲು ಹೋದ ಗುರು ಪಿಪ್ಪಲಾದನೂ ಮೊದಲೇ ಹೇಳಿರುತ್ತಾನೆ, ಒಂದು ವರ್ಷ ಇಲ್ಲಿದ್ದು ಕೇಳಿ, ನಮಗೆ ಗೊತ್ತಿದ್ದರೆ ಎಲ್ಲ ಹೇಳುತ್ತೇವೆ ಎಂದು. ಆ ‘ಗೊತ್ತಿದ್ದರೆ’ ನಮ್ಮ ಪ್ರವಚನಗಳಲ್ಲಿ ಕೇಳಿಬರುವುದಿಲ್ಲ. ವಿಜ್ಞಾನದ ಕಾರ್ಯಕ್ರಮಗಳಲ್ಲೂ ಅಪರೂಪ. ಉತ್ತರ ಇರುವ ಪ್ರಶ್ನೆಗಳನ್ನೇ ಆರಿಸಿ ಓದುತ್ತಾರೆ.

ಸಂಪಾಜೆಯ ಮನೆಯವರು ಸುಬ್ರಹ್ಮಣ್ಯಕ್ಕೆ ಹೋಗಿ ನಾಗದೋಷಕ್ಕೆಂದು ಆಶ್ಲೇಷಾ ಬಲಿ ಮಾಡಿಸಿದರು. ಹುಡುಗ ಸ್ವಲ್ಪ ಅಳುಕಿನಿಂದಲೇ ಅದನ್ನು ತಿಳಿಸಿದ, ನನಗೆ ಬೇಸರವಾದೀತು ಎಂದು. ಅದೇ ಫೋನಿನಿಂದ ಮತ್ತೊಂದು ಸ್ವರ ಬಂತು, ಈ ಸಲ ಅಜ್ಜನದ್ದೇ. ಹಳದಿ ರೋಗ ತಡೆಯುವ ಕಂಗಿನ ತಳಿ ಏನಾದರೂ ಬಂದಿದೆಯಾ, ಬಾರದಿದ್ದರೆ ತೋಟದಲ್ಲಿ ಬೇರೆ ಏನು ಹಾಕುವುದು ಎಂದು. ರೋಗದ ತೋಟಗಳ ನಡುವೆಯೂ ಹಸಿರಾಗಿ ನಿಂತ ಮರಗಳನ್ನು ಆರಿಸಿ ಅವುಗಳಿಂದ ಸಸಿ ಮಾಡುವ ಕೆಲಸ ವಿಟ್ಲದ ತೋಟದ ಬೆಳೆಗಳ ಸಂಶೋಧನಾ ಕೇಂದ್ರ ಸಿಪಿಸಿಆರ್‌ಐಯಲ್ಲಿ ನಡೆದಿದೆ, ಎಲ್ಲರ ಕೈಗೆ ಬರಲು ಎಷ್ಟು ಕಾಲ ಬೇಕೋ ನನಗೆ ಗೊತ್ತಿಲ್ಲ, ಹೋಗುವುದಾದರೆ ಮೊಮ್ಮಗನನ್ನೂ ಕರಕೊಂಡು ಹೋಗಿ, ಅವನ ಹತ್ತಿರ ಪ್ರಶ್ನೆಗಳಿವೆ ಎಂದು ಹೇಳಿ ಕಳಿಸಿದೆ.