ಅಕ್ಕನ ಒಲೆ

1993ರಲ್ಲಿ ನಡೆದ ಒಂದು ವಿಚಾರ ಸಂಕಿರಣಕ್ಕೆ ನಾನೂ ಪ್ರಬಂಧ ಬರೆಯಬೇಕಾಗಿ ಬಂತು. ವಿಷಯ, ಬಡತನ ನಿವಾರಣೆಯಲ್ಲಿ ವಿಶ್ವವಿದ್ಯಾನಿಲಯಗಳ ಪಾತ್ರ. ನಾನು ಭೌತಶಾಸ್ತ್ರದ ಮೇಷ್ಟ್ರು. ಅರ್ಥಶಾಸ್ತ್ರದವರು ಮಾಡಬೇಕಾದ ಈ ಕೆಲಸ ನನ್ನ ಪಾಲಿಗೆ ಬಂದದ್ದಕ್ಕೆ ಒಂದೇ ಕಾರಣ: ನಾನು ಹಳ್ಳಿಯವನು, ಬಡವರ ಮನೆಯಿಂದ ಬಂದವನು ಎಂಬುದು ನಮ್ಮ ಪ್ರಿನ್ಸಿಪಾಲರಿಗೆ ಗೊತ್ತಿತ್ತು. ಮೈಸೂರಿನ ಮನೆಯಲ್ಲಿ ಮಕ್ಕಳ ಗಲಾಟೆ. ಎರಡು ದಿನ ಊರಿಗೆ ಹೋಗಿ ಅಕ್ಕನ ಮನೆಯ ಜಗಲಿಯ ಮೇಲೆ ಕೂತು ಬರೆಯೋಣವೆಂದು ಹೊರಟೆ.

ನಮ್ಮೂರು ಕುಣಿಗಲ್ ತಾಲ್ಲೂಕಿನದು. ಅಕ್ಕನನ್ನು ಊರಲ್ಲೇ ಕೊಟ್ಟಿದ್ದರಿಂದ ಅವಳು ಊರು ಬಿಟ್ಟವಳೇ ಅಲ್ಲ. ನಾನು ಕಾಗದ ಹರಡಿಕೊಂಡು ಕೂತದ್ದನ್ನು ನೋಡಿ, ಮೊರದಲ್ಲಿ ರಾಗಿ ಕೇರುತ್ತಲೇ ಕೇಳಿದಳು.

‘ಅದೇನಪ್ಪ ಅಷ್ಟೊಂದು ಬರೀತಿದ್ದೀಯ?’

‘ಬಡತನ ಹೆಂಗೆ ಕಮ್ಮಿ ಮಾಡೋದು ಅಂತ.’

‘ಯಾರಿಗೆ ಓದಿ ಹೇಳ್ತೀಯ?’

‘ಬೇರೆ ಮೇಷ್ಟ್ರುಗಳಿಗೆ.’

ಅವಳು ಮೊರ ನಿಲ್ಲಿಸಿ, ನಿಜವಾಗಿ ಸಂದೇಹ ಬಂದವಳ ಹಾಗೆ ಕೇಳಿದಳು: ‘ಅವರೂ ಬಡವರಾ?’

ನಾನು ನಕ್ಕುಬಿಟ್ಟೆ. ಆದರೆ ಆ ಬೆಳಗ್ಗೆ ಒಂದು ಸಾಲೂ ಮುಂದೆ ಹೋಗಲಿಲ್ಲ.

ನಾನು ಬರೆಯಬೇಕೆಂದಿದ್ದ ವಾದ ಬಹಳ ಸರಳವಾದದ್ದು, ಅದಕ್ಕೆ ನಾನೇ ಸಾಕ್ಷಿ. ಅಪ್ಪ ಸತ್ತಾಗ ನನಗೆ ಒಂಬತ್ತು ವರ್ಷ. ಹೈಸ್ಕೂಲಿಗೆ ಉಚಿತ ವಿದ್ಯಾರ್ಥಿನಿಲಯ ಸಿಕ್ಕಿತು, ಕಾಲೇಜಿಗೆ ಫ್ರೀಷಿಪ್ ಸಿಕ್ಕಿತು, 1970ರಲ್ಲಿ ಮಾನಸಗಂಗೋತ್ರಿಯಿಂದ ಎಂ.ಎಸ್ಸಿ. ಮುಗಿಸಿ ಹೊರಗೆ ಬಂದೆ. ಮರುವರ್ಷವೇ ಕೆಲಸ. ಒಂದು ತಲೆಮಾರಿನಲ್ಲಿ ಒಂದು ಮನೆ ಗುಡಿಸಲಿನಿಂದ ತಾರಸಿಗೆ ಬಂತು. ನನಗಿಂತ ಹಿಂದಿನವರು ವಾರಾನ್ನ ಉಂಡು ಓದಿದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಅವರ ಪಾಡಿಗೆ ಹೋಲಿಸಿದರೆ ನನ್ನದು ಸುಖದ ವಿದ್ಯಾರ್ಥಿ ಜೀವನವೇ. ವಿಶ್ವವಿದ್ಯಾನಿಲಯ ಬಡತನವನ್ನು ಹೋಗಲಾಡಿಸುತ್ತದೆಯೇ ಎಂದು ಯಾರಾದರೂ ಕೇಳಿದರೆ ಎದೆಯ ಮೇಲೆ ಕೈಯಿಟ್ಟು ‘ನೋಡಿ’ ಎನ್ನಬಹುದಾಗಿತ್ತು.

ಆದರೆ ಈ ಲೆಕ್ಕದಲ್ಲಿ ಅಕ್ಕ ಎಲ್ಲಿದ್ದಾಳೆ? ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಬಿಡಿಸಿದ್ದು ಯಾರ ದುಷ್ಟತನದಿಂದಲೂ ಅಲ್ಲ. ಅವ್ವ ಕೂಲಿಗೆ ಹೋಗಬೇಕು, ಮನೆಗೆ ನೀರು ಸೌದೆ ಆಗಬೇಕು, ಇಬ್ಬರಲ್ಲಿ ಒಬ್ಬರು ಗುಡ್ಡಕ್ಕೆ ಹೋಗಬೇಕು. ಗಂಡು ಓದಲಿ ಎಂದು ತೀರ್ಮಾನವಾಯಿತು. ತೀರ್ಮಾನ ಎಂದರೂ ದೊಡ್ಡ ಮಾತಾಯಿತು, ಆ ಬಗ್ಗೆ ಯಾರೂ ಮಾತೇ ಆಡಿರಲಿಕ್ಕಿಲ್ಲ. ದಿನಕ್ಕೆ ಎರಡು ಗಂಟೆಯ ಮೇಲೆ ಅವಳು ಸೌದೆಗೆ ಅಲೆಯುತ್ತಿದ್ದಳು. ಮನೆಗೆ ಸಾಕಾಗಿ ಉಳಿದದ್ದನ್ನು ಹೊರೆ ಕಟ್ಟಿ ಪೇಟೆಯ ಹೋಟೆಲಿಗೆ ಹಾಕಿ ಬರುತ್ತಿದ್ದಳು. ಆ ದುಡ್ಡಿನಲ್ಲೇ ನನ್ನ ಪರೀಕ್ಷೆಯ ಫೀಸು, ನನ್ನ ಮೊದಲ ಪ್ಯಾಂಟು. ಸರ್ಕಾರ ನನಗೆ ಕೊಟ್ಟದ್ದಕ್ಕೆ ರಸೀತಿಗಳಿವೆ. ಅವಳು ಕೊಟ್ಟದ್ದು ಯಾವ ಪುಸ್ತಕದಲ್ಲೂ ಏರಿಲ್ಲ.

ಹಾಗಾದರೆ ವಿಶ್ವವಿದ್ಯಾನಿಲಯ ಮಾಡಿದ್ದೇನು? ಒಂದು ಬಡ ಮನೆಯಿಂದ ಒಬ್ಬನನ್ನು ಎತ್ತಿಕೊಂಡಿತು. ಬಡವನೊಬ್ಬನನ್ನು ಬಡತನದಿಂದ ಎತ್ತುವುದು ಬೇರೆ, ಬಡತನವನ್ನು ಕಡಿಮೆ ಮಾಡುವುದು ಬೇರೆ. ಮೊದಲನೆಯದನ್ನು ಹಗುರಾಗಿ ಕಾಣುವ ಅಧಿಕಾರ ನನಗಿಲ್ಲ, ಅದರ ಅನ್ನ ಉಂಡವನು. ಆದರೆ ಎತ್ತಿಕೊಂಡವನು ಸಾಮಾನ್ಯವಾಗಿ ಊರಿಗೆ ಮರಳುವುದಿಲ್ಲ. ಅವನು ಕಲಿತದ್ದೂ ಮರಳುವುದಿಲ್ಲ. 1916ರಲ್ಲಿ ನಾಲ್ವಡಿಯವರು ಮೈಸೂರು ವಿಶ್ವವಿದ್ಯಾನಿಲಯ ಕಟ್ಟಿದಾಗ ಬೊಕ್ಕಸಕ್ಕೆ ಬಂದ ಹಣದಲ್ಲಿ ಊರೂರಿನ ರೈತರ ಕಂದಾಯವೂ ಇತ್ತು. ಆ ರೈತನ ಮನೆಯೊಳಗೆ ವಿಶ್ವವಿದ್ಯಾನಿಲಯ ಏನನ್ನು ಕಳಿಸಿತು ಎಂಬುದು ನ್ಯಾಯವಾದ ಪ್ರಶ್ನೆ.

ಕಳಿಸಿಯೇ ಇಲ್ಲ ಎನ್ನಲಾರೆ. ಅಕ್ಕ ಅಂದು ಕೇರುತ್ತಿದ್ದ ರಾಗಿ ಇಂಡಾಫ್ ತಳಿಯದು. ರಾಗಿಯ ಹೂವು ಎಷ್ಟು ಸಣ್ಣದೆಂದರೆ, ತಳಿ ಕೂಡಿಸಹೋದವನ ಕಣ್ಣೂ ತಾಳ್ಮೆಯೂ ಎರಡೂ ಸೋಲುತ್ತವೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ವರ್ಷಗಟ್ಟಲೆ ಕೂತು ಆಫ್ರಿಕಾದ ರಾಗಿಯನ್ನೂ ನಮ್ಮ ರಾಗಿಯನ್ನೂ ಕೂಡಿಸಿದರು. ಇಂಡಿಯಾ ಮತ್ತು ಆಫ್ರಿಕಾ ಸೇರಿ ಇಂಡಾಫ್ ಆಯಿತು. ಇಳುವರಿ ಹೆಚ್ಚಿತು ಎಂಬುದನ್ನು ಎಲ್ಲರೂ ಹೇಳುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಇನ್ನೊಂದು: ರಾಗಿ ತನ್ನ ಹೂವಿಗೆ ತಾನೇ ಪರಾಗ ಕೊಟ್ಟುಕೊಳ್ಳುವ ಬೆಳೆ. ಆದ್ದರಿಂದ ಒಂದು ಸಲ ಒಳ್ಳೆಯ ಬೀಜ ಬಂದರೆ ಬಡವನೂ ಅದನ್ನು ಮಡಕೆಯಲ್ಲಿಟ್ಟುಕೊಂಡು ಮುಂದಿನ ವರ್ಷ ಬಿತ್ತಬಹುದು, ನೆಂಟರಿಗೆ ಸೇರು ಕೊಡಬಹುದು. ಭಾವನಿಗೆ ಬೀಜ ಬಂದದ್ದು ಹಾಗೆಯೇ, ಅವರ ಷಡ್ಡಕನ ಮನೆಯಿಂದ. ವಿಶ್ವವಿದ್ಯಾನಿಲಯ ಎಂಬ ಹೆಸರನ್ನೂ ಅವರು ಕೇಳಿರಲಿಲ್ಲ.

ಹತ್ತಿಯ ಕತೆ ಬೇರೆ. 1972ರಲ್ಲಿ ಧಾರವಾಡದಲ್ಲಿ ಕಟರಕಿಯವರು ರೂಪಿಸಿದ ವರಲಕ್ಷ್ಮಿ ಹತ್ತಿ ದೊಡ್ಡ ಸಾಧನೆ, ಅನುಮಾನವಿಲ್ಲ. ಎಷ್ಟೋ ರೈತರ ಕೈಗೆ ಅದು ಹಣ ತಂದಿತು. ಆದರೆ ಹೈಬ್ರಿಡ್ ಬೀಜವನ್ನು ಪ್ರತಿ ವರ್ಷ ಕೊಳ್ಳಬೇಕು. ಆ ಬೀಜ ತಯಾರಾಗಬೇಕಾದರೆ ಹೊಲದಲ್ಲಿ ಒಂದೊಂದು ಹೂವಿನ ಕೇಸರವನ್ನೂ ಕೈಯಿಂದ ಕಿತ್ತು, ಮರುದಿನ ಬೇರೆ ಗಿಡದ ಪರಾಗವನ್ನು ತಂದು ಮುಟ್ಟಿಸಬೇಕು. ಬೀಜೋತ್ಪಾದನೆ ಹಬ್ಬಿದ ಕಡೆಗಳಲ್ಲೆಲ್ಲ ಈ ಕೆಲಸಕ್ಕೆ ಸಿಕ್ಕಿದ್ದು ಹುಡುಗಿಯರ ಎಳೆಯ ಬೆರಳುಗಳು, ಶಾಲೆಗೆ ಹೋಗಬೇಕಾಗಿದ್ದ ವಯಸ್ಸಿನವು. ಪ್ರಯೋಗಶಾಲೆಯಲ್ಲಿದ್ದವರು ಇದನ್ನು ಬಯಸಿದ್ದರೆಂದು ನಾನು ಹೇಳುತ್ತಿಲ್ಲ. ಒಂದು ಜ್ಞಾನ ಹೊರಗೆ ಹೋದ ಮೇಲೆ ಯಾರ ಕೈಯನ್ನು ಹಿಡಿಯುತ್ತದೆ, ಯಾರ ಕೈಯನ್ನು ಕೆಲಸಕ್ಕೆ ಹಚ್ಚುತ್ತದೆ ಎಂದು ನೋಡುವುದು ಯಾರ ಕೆಲಸ ಎಂದಷ್ಟೇ ಕೇಳುತ್ತಿದ್ದೇನೆ.

ನಮ್ಮ ತಾಲ್ಲೂಕಿನಲ್ಲಿಯೇ ಈ ಪ್ರಶ್ನೆಯನ್ನು ಹೊತ್ತು ತಂದವರಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರವನ್ನು ಆರಂಭಿಸಿದರು. ಹಳ್ಳಿಗೆ ಬೇಕಾದ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಹುಡುಕುವುದು ಅದರ ಉದ್ದೇಶ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಒಂದು ವಿಸ್ತರಣಾ ಕೇಂದ್ರ ಮಾಡಿಕೊಂಡು ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಎಷ್ಟು ಸೌದೆ ಉರಿಯುತ್ತದೆ, ಅದನ್ನು ತರುವವರು ಯಾರು, ಎಷ್ಟು ಹೊತ್ತು ನಡೆಯುತ್ತಾರೆ ಎಂದು ಲೆಕ್ಕ ಹಾಕಿದರು. ಈ ಊರುಗಳು ಬಳಸುವ ಇಂಧನಶಕ್ತಿಯಲ್ಲಿ ಹತ್ತರಲ್ಲಿ ಎಂಟು ಪಾಲಿಗೂ ಹೆಚ್ಚು ಸೌದೆಯಿಂದ ಬರುತ್ತದೆ, ಅದರಲ್ಲಿ ಬಹುಪಾಲು ಅಡುಗೆಗೆ ಹೋಗುತ್ತದೆ ಎಂದು ತೋರಿಸಿದರು. ಆ ವರದಿ ನನ್ನ ಕೈಗೆ ಸಿಕ್ಕಿದ್ದು ಎಂಬತ್ತರ ದಶಕದಲ್ಲಿ. ಕೋಷ್ಟಕಗಳನ್ನು ನೋಡುತ್ತಾ ನೋಡುತ್ತಾ ನನಗೆ ಏನೋ ಆಯಿತು. ಹೆಂಗಸರು ಇಷ್ಟು ಗಂಟೆ, ಮಕ್ಕಳು ಇಷ್ಟು ಗಂಟೆ ಎಂಬ ಆ ಅಂಕಿಗಳಲ್ಲಿ ಅಕ್ಕನ ತಲೆಯ ಮೇಲಿನ ಹೊರೆ ಇತ್ತು. ಅಳತೆ ಮಾಡಲು ಯೋಗ್ಯವೆಂದು ಅದನ್ನು ಯಾರೋ ಭಾವಿಸಿದ್ದರು. ಇಪ್ಪತ್ತು ವರ್ಷ ಮಕ್ಕಳಿಗೆ ಉಷ್ಣಶಾಸ್ತ್ರ ಹೇಳಿಕೊಟ್ಟ ನಾನು ಭಾವಿಸಿರಲಿಲ್ಲ.

ಅವರ ಪ್ರಯತ್ನಗಳಲ್ಲಿ ನನಗೆ ಬಹಳ ಪ್ರಿಯವಾದದ್ದು ಪುರ ಎಂಬ ಸಣ್ಣ ಊರಿನ ಗೋಬರ್ ಗ್ಯಾಸ್ ಕತೆ. ಪ್ರಿಯ, ಏಕೆಂದರೆ ಅದು ಮೊದಲು ಸೋತಿತು. ಊರಿಗೆಲ್ಲ ಒಂದೇ ಗ್ಯಾಸ್ ಸ್ಥಾವರ ಮಾಡಿ ಅಡುಗೆಗೆ ಅನಿಲ ಕೊಡಬೇಕೆಂದು ಹೊರಟರು. ಸಗಣಿ ಸಾಲಲಿಲ್ಲ, ಜನರ ಉತ್ಸಾಹವೂ ಸಾಲಲಿಲ್ಲ. ಸೌದೆ ಹೇಗೂ ದುಡ್ಡಿಲ್ಲದೆ ಸಿಗುತ್ತಿತ್ತಲ್ಲ! ಊರಿನವರಿಗೆ ಮೊದಲು ಬೇಕಾಗಿದ್ದುದು ಕುಡಿಯುವ ನೀರು. 1987ರಿಂದ ಅದೇ ಅನಿಲವನ್ನು ಎಂಜಿನ್ನಿಗೆ ಕೊಟ್ಟು, ವಿದ್ಯುತ್ತು ತೆಗೆದು, ನೀರೆತ್ತಿ ನಲ್ಲಿಗೆ ಬಿಟ್ಟರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದುಹಾಕಿದವರಿಗೆ ಕಿಲೋಗೆ ಎರಡು ಪೈಸೆ. ಅನಿಲ ತೆಗೆದ ಮೇಲೆ ಉಳಿದ ಬಗ್ಗಡ ಅವರವರ ತಿಪ್ಪೆಗೆ ವಾಪಸು. ಸುಮಾರು ಹತ್ತು ವರ್ಷ ನಡೆದು ಆಮೇಲೆ ಅದೂ ನಿಂತಿತು. ಇವೆಲ್ಲವನ್ನೂ, ಸೋಲನ್ನೂ ಸೇರಿಸಿ, ರೆಡ್ಡಿಯವರೇ ಬರೆದಿದ್ದಾರೆ. ‘ನಾವು ಅಂದುಕೊಂಡದ್ದು ತಪ್ಪು, ಅವರಿಗೆ ಬೇಕಾದದ್ದು ಬೇರೆ’ ಎಂದು ಒಪ್ಪಿಕೊಳ್ಳುವ ವಿದ್ವಾಂಸರನ್ನು ನಾನು ಹೆಚ್ಚು ಕಂಡಿಲ್ಲ. ನಮ್ಮಲ್ಲಿ ಪಿಎಚ್.ಡಿ. ಪ್ರಬಂಧಗಳು ಸೋಲುವುದೇ ಇಲ್ಲ, ಗಮನಿಸಿದ್ದೀರಾ?

‘ಅಸ್ತ್ರ’ದವರ ಇನ್ನೊಂದು ಕೊಡುಗೆ ಅಸ್ತ್ರ ಒಲೆ. ಬೆಂಕಿಯನ್ನು ಸುತ್ತ ಮುಚ್ಚಿ, ಕೆಳಗೆ ಜಾಲರಿ ಇಟ್ಟು, ಒಂದೇ ಉರಿಯಲ್ಲಿ ಮೂರು ಪಾತ್ರೆ ಕಾಯುವಂತೆ ಮಾಡಿ ಹೊಗೆಯನ್ನು ಕೊಳವೆಯಲ್ಲಿ ಮಾಡಿನಾಚೆ ಕಳಿಸುವ ಉಪಾಯ. ಹೊಗೆಯಿಲ್ಲದ ಒಲೆಗಳು ಆಮೇಲೆ ಎಲ್ಲ ಕಡೆ ಬಂದವು. ಯಾವುದೋ ಯೋಜನೆಯಲ್ಲಿ, ಯಾರೋ ಒಬ್ಬ ಗಾರೆಯವನು ಅಕ್ಕನ ಮನೆಗೂ ಅಂಥದೊಂದನ್ನು ಕಟ್ಟಿಕೊಟ್ಟು ಹೋಗಿದ್ದ. ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದೆ. ಸಂಕಿರಣದ ಪ್ರಬಂಧದಲ್ಲಿ ಅದನ್ನೂ ಒಂದು ಉದಾಹರಣೆಯಾಗಿ ಬರೆಯಲು ಟಿಪ್ಪಣಿ ಮಾಡಿಕೊಂಡಿದ್ದೆ.

ಆ ದಿನ ಮಧ್ಯಾಹ್ನ ಊಟಕ್ಕೆ ಒಳಗೆ ಹೋದರೆ ಹೊಗೆ ಕಣ್ಣಿಗೆ ಅಡರಿತು. ಹೊಸ ಒಲೆ ಒಡೆದುಹೋಗಿತ್ತು. ಪಕ್ಕದಲ್ಲಿ ಮೂರು ಗುಂಡುಕಲ್ಲು ಇಟ್ಟುಕೊಂಡು ಅಕ್ಕ ಹಿಟ್ಟು ತೊಳಸುತ್ತಿದ್ದಳು. ನನಗೆ ಸಿಟ್ಟು ಬಂತು. ಕೊಟ್ಟದ್ದನ್ನು ಉಳಿಸಿಕೊಳ್ಳಲು ಬರುವುದಿಲ್ಲ ಈ ಜನಕ್ಕೆ, ಎಂದು ಮನಸ್ಸಿನಲ್ಲಿ ಅಂದುಕೊಂಡೆ. ‘ಈ ಜನ’ ಎಂಬ ಮಾತು ನನ್ನ ಒಡಹುಟ್ಟಿದವಳ ಬಗ್ಗೆಯೇ ಬಂದದ್ದನ್ನು ಗಮನಿಸಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

‘ಯಾಕಕ್ಕ ಒಡೆದೆ?’ ಎಂದೆ.

‘ನಾನ್ಯಾಕೆ ಒಡೀಲಪ್ಪ, ಅದೇ ಒಡೀತು. ಇಷ್ಟು ಜನಕ್ಕೆ ಹಿಟ್ಟು ತೊಳಸೋ ಮಡಕೇನ ಎತ್ತರದ ಒಲೆ ಮೇಲಿಟ್ಟು ಕೋಲಾಡ್ಸುದ್ರೆ ಮಣ್ಣು ತಡೀತದಾ? ಸೌದೆ ಬೇರೆ ಗೇಣುದ್ದ ಸೀಳಿ ಸೀಳಿ ಹಾಕ್ಬೇಕು. ಕೊಡಲಿ ಹಿಡಿಯೋರ್ಯಾರು? ನಿಮ್ಮ ಭಾವ ಹೊಲದಾಗೆ. ಕೊಳವೆ ಕಟ್ಕೊಂಡು ಹೊಗೆಯೆಲ್ಲ ಒಳಗೇ ಬತ್ತಿತ್ತು.’

‘ಯಾರಿಗಾದ್ರೂ ಹೇಳೋದಲ್ವ?’

‘ಯಾರಿಗೆ ಹೇಳಾನ? ಕಟ್ಟಿದೋನು ತಿರುಗಿ ಬರ್ಲಿಲ್ಲ. ನಿಂಗೆ ಹೇಳಾನ ಅಂದ್ರೆ ನೀನು ಹಬ್ಬಕ್ಕೆ ಬಂದು ಉಂಡು ಸಂಜೆ ಬಸ್ಸಿಗೆ ಹೋಗೋನು.’

ಅವಳ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ. ಮಳೆ ಬರಲಿಲ್ಲ ಎನ್ನುವ ಹಾಗೆ ಹೇಳಿದಳು.

ಗಾಳಿ ಬಿಸಿಯಾದರೆ ಮೇಲೇರುತ್ತದೆ, ಕೊಳವೆ ಎತ್ತರವಾದಷ್ಟೂ ಎಳೆತ ಹೆಚ್ಚು, ಮಸಿ ಕಟ್ಟಿದರೆ ಎಳೆತ ಕಡಿಮೆ. ಎರಡನೆಯ ಬಿ.ಎಸ್ಸಿ.ಯ ಹುಡುಗರಿಗೆ ಬರೆಸುವ ವಿಷಯ ಇದು. ಮಸಿ ತೆಗೆಯಲು ಒಂದು ಉದ್ದನೆಯ ಬಿದಿರುಕಡ್ಡಿಗೆ ಗೋಣಿಚೂರು ಕಟ್ಟಿದರೆ ಸಾಕಾಗಿತ್ತು. ಸಂಜೆ ಅದನ್ನೇ ಮಾಡಿದೆ, ಒಂದು ಕುಕ್ಕೆಯಷ್ಟು ಮಸಿ ಬಿತ್ತು. ನನ್ನ ವಿದ್ಯೆ ನನ್ನ ಮನೆಯ ಒಲೆಗೆ ಬಂದು ಮುಟ್ಟಲು ಇಪ್ಪತ್ತಮೂರು ವರ್ಷ ಬೇಕಾಯಿತು, ಅದೂ ಒಂದು ಪ್ರಬಂಧ ಬರೆಯುವ ನೆಪದಲ್ಲಿ.

ಸಂಕಿರಣದಲ್ಲಿ ಇದನ್ನು ಹೇಳಿದೆ. ಕೆಲವರು ತಲೆದೂಗಿದರು. ಊಟದ ಹೊತ್ತಿಗೆ ಹಿರಿಯ ಪ್ರಾಧ್ಯಾಪಕರೊಬ್ಬರು ಹತ್ತಿರ ಬಂದು, ‘ಚೆನ್ನಾಗಿತ್ತು ಕಣ್ರೀ, ಆದ್ರೆ ಒಲೆ ರಿಪೇರಿ ಮಾಡೋದು ವಿಶ್ವವಿದ್ಯಾನಿಲಯದ ಕೆಲಸವೇನ್ರಿ?’ ಎಂದರು. ಅವರ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಒಲೆ ರಿಪೇರಿಗೆ ಎಂ.ಎಸ್ಸಿ. ಬೇಡ. ಆದರೆ ಒಲೆ ಯಾಕೆ ಒಡೆಯಿತು ಎಂದು ತಿಳಿಯುವುದು ವಿಶ್ವವಿದ್ಯಾನಿಲಯದ ಕೆಲಸವೇ. ಮುದ್ದೆ ತೊಳಸುವಾಗ ತೋಳಿನ ಬಲ ಎಷ್ಟು ಬೀಳುತ್ತದೆ ಎಂಬುದು ಭೌತಶಾಸ್ತ್ರ. ಸೌದೆ ಸೀಳುವ ಹೊತ್ತು ಯಾರ ದಿನದಿಂದ ಕಡಿತವಾಗುತ್ತದೆ ಎಂಬುದು ಅರ್ಥಶಾಸ್ತ್ರ. ಇದನ್ನು ಅವರಿಗೆ ಹೇಳಲು ಅಂದು ಹೊಳೆಯಲಿಲ್ಲ, ಪಾಯಸ ಬಡಿಸುತ್ತಿದ್ದರು.

ಮರುವರ್ಷ ಎನ್.ಎಸ್.ಎಸ್. ಶಿಬಿರಕ್ಕೆ ಹುಡುಗರನ್ನು ನಮ್ಮೂರಿಗೇ ಕರೆದುಕೊಂಡು ಹೋದೆ. ಹತ್ತು ದಿನದ ಶಿಬಿರಗಳ ಮೇಲೆ ನನಗೆ ಅಂಥ ಭರವಸೆಯಿಲ್ಲ. ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳುತ್ತೇವೆ, ಮುಂದಿನ ಶಿಬಿರದವರು ಅದೇ ಗುಂಡಿಯಲ್ಲಿ ಮತ್ತೆ ನೆಡುತ್ತಾರೆ. ಈ ಸಲ ಏನನ್ನೂ ಕಟ್ಟಬೇಡಿ, ಬರೀ ಕೇಳಿಕೊಂಡು ಬನ್ನಿ ಎಂದೆ. ಹದಿನಾಲ್ಕು ಒಲೆಗಳಲ್ಲಿ ಒಂಬತ್ತು ಒಡೆದಿದ್ದವು, ಹೆಚ್ಚಿನವು ಅಕ್ಕನ ಒಲೆಯ ಹಾಗೆಯೇ, ಬಾಯಿಯ ಹತ್ತಿರ. ಬಾಯಿಗೆ ಕಬ್ಬಿಣದ ಬಳೆ ಕೂರಿಸಿ, ಒಲೆಯನ್ನು ಗೇಣು ತಗ್ಗಿಸಿ ಆರನ್ನು ಸರಿಮಾಡಿದೆವು. ನಾಲ್ಕು ಬಾಳಿಕೆ ಬಂದವು. ಇದರಿಂದ ಯಾರ ಬಡತನವೂ ನೀಗಲಿಲ್ಲ. ನಾಲ್ಕು ಮನೆಯವರಿಗೆ ವಾರಕ್ಕೆ ಒಂದು ಹೊರೆ ಸೌದೆ ಉಳಿಯಿತು.

ಅಕ್ಕನ ಮಗಳನ್ನು ನಾನು ಮೈಸೂರಿಗೆ ಕರೆತಂದು ಓದಿಸಿದೆ. ಋಣ ತೀರಿಸುವ ಬಯಕೆ ಅದರಲ್ಲಿತ್ತು, ಮುಚ್ಚಿಡುವುದೇಕೆ? ಓದಿದಳು, ಕೆಲಸ ಹಿಡಿದಳು, ಈಗ ಬೆಂಗಳೂರಿನಲ್ಲಿದ್ದಾಳೆ. ಅವಳೂ ಹಬ್ಬಕ್ಕೆ ಬಂದು ಸಂಜೆ ಹೊರಡುವವಳಾದಳು. ಅಕ್ಕನಿಗೆ ಸಂತೋಷವೇ ಹೊರತು ಬೇರೇನಿಲ್ಲ. ನಾನು ಮಾತ್ರ, ವಿಶ್ವವಿದ್ಯಾನಿಲಯ ನನಗೆ ಮಾಡಿದ್ದನ್ನೇ ನಾನು ಆ ಮನೆಗೆ ಇನ್ನೊಂದು ಸಲ ಮಾಡಿದೆನೇನೋ ಎಂದು ಒಮ್ಮೊಮ್ಮೆ ಅಂದುಕೊಳ್ಳುತ್ತೇನೆ. ಮಾಡದೆ ಇರಬೇಕಾಗಿತ್ತೆ ಎಂದು ಕೇಳಿಕೊಂಡರೆ, ಇಲ್ಲ ಎಂಬ ಉತ್ತರವೇ ಬರುತ್ತದೆ.

ಮಗಳು ಗ್ಯಾಸ್ ಸಿಲಿಂಡರ್ ಹಾಕಿಸಿಕೊಟ್ಟು ಹತ್ತು ವರ್ಷದ ಮೇಲಾಯಿತು. ಅಕ್ಕನಿಗೆ ಈಗ ಎಂಬತ್ತರ ಹತ್ತಿರ. ಕೆಮ್ಮು ಬಿಟ್ಟಿಲ್ಲ. ಹೋದ ಚಳಿಗಾಲದಲ್ಲಿ ಉಸಿರು ಕಟ್ಟಿದಾಗ ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ‘ಅಜ್ಜಿ, ಬೀಡಿ ಸೇದ್ತಿದ್ರಾ?’ ಎಂದು ಕೇಳಿದರು.

ಅಕ್ಕ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ‘ಇಲ್ಲ ಕಣಪ್ಪ, ಒಲೆ ಊದ್ತಿದ್ದೆ.’

ಅವರು ನನ್ನ ಮುಖ ನೋಡಿದರು. ಎಷ್ಟು ವರ್ಷ ಎಂದು ಕೇಳಿ ಬರೆದುಕೊಂಡರು. ಉಸಿರಿಗೆ ಎಳೆದುಕೊಳ್ಳುವ ಔಷಧಿಯ ಪಂಪೊಂದನ್ನು ಕೊಟ್ಟು ಬಳಸುವ ಕ್ರಮ ಹೇಳಿಕೊಟ್ಟರು. ಹೊರಗೆ ಬಂದ ಮೇಲೆ ಅದರ ಬೆಲೆ ಎಷ್ಟೆಂದು ಅಕ್ಕ ಎರಡು ಸಲ ಕೇಳಿದಳು. ನಾನು ಹೇಳಲಿಲ್ಲ.