ಹಳೆಯ ಓಲೆಗೆ ಒಡೆಯರಾರು?

ಕುಂದಾಪುರಕ್ಕೆ ಅನತಿದೂರದಲ್ಲಿ, ವಾರಾಹೀ ನದಿಯ ತೀರದಲ್ಲಿ ಹಟ್ಟಿಯಂಗಡಿ ಎಂಬ ಗ್ರಾಮವಿರುವುದು. ಜಟಾಧಾರಿಯಾದ ಗಣಪತಿಯ ವಿಗ್ರಹವು ಅನ್ಯತ್ರ ದುರ್ಲಭವಾದುದರಿಂದ ಇಲ್ಲಿಯ ಸಿದ್ಧಿವಿನಾಯಕನ ದರ್ಶನಕ್ಕೆ ದೂರದ ಊರುಗಳಿಂದಲೂ ಯಾತ್ರಿಕರು ಬರುವರು. ಲೋಕನಾಥೇಶ್ವರನ ದೇವಾಲಯವೂ ಚಂದ್ರನಾಥ ತೀರ್ಥಂಕರರ ಬಸದಿಯೂ ಇದೇ ಊರಿನಲ್ಲಿವೆ. ಈ ಗ್ರಾಮವು ಹಿಂದೆ ಆಳುಪ ಅರಸರ ಪಟ್ಟಣವಾಗಿತ್ತೆಂದು ಊರವರು ಹೇಳುವರು; ಹೊನ್ನೆಯಕಂಬಳಿ ಅರಸರ ಹೆಸರನ್ನೂ ಅದಕ್ಕೆ ಕೂಡಿಸುವರು. ಕೇಳುವವನಿಗೆ ಸಂತೋಷವಾಗುವುದು ಸಹಜ. ಆದರೆ ಹೇಳುವುದು ಒಂದು, ತೋರಿಸಿಕೊಡುವುದು ಮತ್ತೊಂದು.

ಹಿಂದೆ ಹೀಗಿತ್ತು ಎನ್ನುವ ಮಾತಿಗೆ ಕಂಡವರ ಸಾಕ್ಷ್ಯ ಬೇಕು. ಕಂಡವರು ಕಾಲವಾಗಿ ಶತಮಾನಗಳು ಕಳೆದಿವೆ. ಅವರು ಬರೆಸಿದ ಕಲ್ಲು, ಕೊರೆಸಿದ ತಾಮ್ರಪಟ, ಗೀಚಿದ ತಾಡವೋಲೆ, ಮಡಿಸಿಟ್ಟ ಕಡತ ಇವು ಮಾತ್ರ ಅಲ್ಲೊಂದು ಇಲ್ಲೊಂದು ಉಳಿದಿವೆ. ಇವನ್ನೇ ಇತಿಹಾಸದ ಮೂಲಾಧಾರಗಳೆನ್ನುವರು. ಇವುಗಳ ವಿಷಯದಲ್ಲಿ ಪಂಡಿತರು ಕೇಳುವ ಪ್ರಶ್ನೆ 'ಇದು ದಿಟವೆ?' ಎಂಬುದು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದುಂಟು. ಅದು ಪಾಂಡಿತ್ಯಕ್ಕಲ್ಲ, ಧರ್ಮಕ್ಕೆ ಸೇರಿದುದು. ಈ ಸಾಕ್ಷ್ಯಗಳಿಗೆ ಒಡೆಯರಾರು? ಯಾರ ಅಂಗಳದಲ್ಲಿ ಕಲ್ಲಿದೆಯೋ, ಯಾರ ಪೆಟ್ಟಿಗೆಯಲ್ಲಿ ಓಲೆಯಿದೆಯೋ, ಅವರು ಅದನ್ನು ಏನು ಬೇಕಾದರೂ ಮಾಡಬಹುದೆ?

ಉತ್ತರವನ್ನು ಹುಡುಕುವ ಮುನ್ನ ಸಾಕ್ಷಿಗಳ ಸ್ವಭಾವವನ್ನು ತಿಳಿಯುವುದು ಯುಕ್ತ. ಸುಮಾರು ಕ್ರಿ. ಶ. 450ರದೆಂದು ಎಣಿಸುವ ಹಲ್ಮಿಡಿಯ ಶಾಸನದಲ್ಲಿಯೇ ಅಳುಪರ ಹೆಸರು ಬಂದಿರುವುದು. ಬ್ರಹ್ಮಾವರ ಸೀಮೆಯ ವಡ್ಡರ್ಸೆಯ ಕಲ್ಲು ಸುಮಾರು 7ನೆಯ ಶತಮಾನಕ್ಕೆ ಸೇರಿದುದು. ಕಾರ್ಕಳದ ಕಡೆಯ ಬೆಳ್ಮಣ್ಣಿನಲ್ಲಿ ದೊರೆತ ಅಳುವರಸನ ತಾಮ್ರಪಟವು 8ನೆಯ ಶತಮಾನದ್ದು. ಅದಕ್ಕೆ ಆಳುಪರ ಮೀನಿನ ಮುದ್ರೆಯಿದೆ. ಪೂರ್ತಿಯಾಗಿ ಕನ್ನಡದಲ್ಲಿಯೇ ಬರೆದ ತಾಮ್ರಪಟಗಳಲ್ಲಿ ಅತ್ಯಂತ ಹಳೆಯದೆಂದು ಅದಕ್ಕೆ ಖ್ಯಾತಿ. ಕನ್ನಡ ನಾಡಿನ ಬೇರೆ ಎಷ್ಟೋ ತಾಮ್ರಪಟಗಳಲ್ಲಿ ಅರಸನ ಹೊಗಳಿಕೆ ಸಂಸ್ಕೃತದಲ್ಲಿದ್ದು, ಭೂಮಿಯ ಎಲ್ಲೆಯನ್ನು ಹೇಳುವಾಗ ಮಾತು ಕನ್ನಡಕ್ಕೆ ತಿರುಗುವುದು. ಹೊಗಳಿಕೆ ಯಾರಿಗೆ ತಿಳಿಯದಿದ್ದರೂ ನಷ್ಟವಿಲ್ಲ. ಈ ಹಳ್ಳದಿಂದ ಆ ಹುಣಿಸೆಮರದ ವರೆಗೆ ಎಂಬುದು ಮಾತ್ರ ಉಳುವವನಿಗೆ ತಿಳಿಯಲೇಬೇಕು.

ಇದು ಕನ್ನಡ ನಾಡೊಂದರ ರೀತಿಯಲ್ಲ. ದೂರದ ಹಂಗೇರಿ ದೇಶದಲ್ಲಿ ಒಂದನೆಯ ಆಂಡ್ರೂ ಎಂಬ ಅರಸನು 1055ರಲ್ಲಿ ಬಾಲಟಾನ್ ಸರೋವರದ ದಡದ ತಿಹಾನಿ ಮಠಕ್ಕೆ ಕೊಟ್ಟ ದಾನಪತ್ರವು ಲ್ಯಾಟಿನ್ ಭಾಷೆಯಲ್ಲಿದೆ. ಆದರೆ ಎಲ್ಲೆಗಳ ಹೆಸರು ಬರುವಲ್ಲಿ ಮಾತ್ರ ಹಂಗೇರಿಯ ಆಡುಮಾತು ನುಸುಳಿರುವುದು. ಆ ಭಾಷೆಯ ಶಬ್ದಗಳು ಸಿಕ್ಕುವ ಮೂಲಪತ್ರಗಳಲ್ಲಿ ಈಗ ಉಳಿದಿರುವ ಅತಿ ಪ್ರಾಚೀನವಾದುದು ಅದೇ. ಬರೆದವನ ಉದ್ದೇಶ ಭಾಷೆಯನ್ನು ಕಾಪಾಡುವುದಲ್ಲ, ಭೂಮಿಯನ್ನು ಕಾಪಾಡುವುದು. ಸಾಕ್ಷಿಯು ತಾನು ಹೇಳಬೇಕೆಂದುದನ್ನು ಹೇಳುವಾಗ, ಹೇಳಬೇಕೆಂದು ಎಣಿಸದುದನ್ನೂ ಹೇಳಿಬಿಡುವುದು. ಮೂಲಾಧಾರಗಳ ನಿಜವಾದ ಬೆಲೆ ಅನೇಕ ವೇಳೆ ಈ ಎರಡನೆಯದರಲ್ಲಿರುವುದು.

ಆದರೆ ಪ್ರಾಚೀನವಾದುದೆಲ್ಲ ಸತ್ಯವೆಂದು ಎಣಿಸಲಾಗದು. ಅದೇ ಹಂಗೇರಿಯಲ್ಲಿ ಸುಮಾರು 1200ರಲ್ಲಿ ಬೇಲಾ ಅರಸನ ಕರಣಿಕನೊಬ್ಬನು, ತನ್ನ ಜನರು 9ನೆಯ ಶತಮಾನದ ಕೊನೆಯಲ್ಲಿ ಆ ನಾಡನ್ನು ಗೆದ್ದುಕೊಂಡ ಕಥೆಯನ್ನು ಬರೆದನು. ಅವನ ಹೆಸರು ಉಳಿದಿಲ್ಲ. ಊರು ಹೊಳೆಗಳ ಹೆಸರಿನಿಂದ ಅವನು ವೀರರನ್ನು ಹುಟ್ಟಿಸಿದನೆಂದೂ, ತನ್ನ ಕಾಲದ ಸಿರಿವಂತ ಮನೆತನಗಳಿಗೆ ಗೆಲವಿನ ಕಾಲದ ಮೂಲಪುರುಷರನ್ನು ಒದಗಿಸಿದನೆಂದೂ ವಿದ್ವಾಂಸರು ತೋರಿಸಿದ್ದಾರೆ. ಕನ್ನಡ ನಾಡಿನ ಸ್ಥಳಪುರಾಣಗಳನ್ನು ಓದಿದವರಿಗೆ ಈ ಮಾರ್ಗ ಅಪರಿಚಿತವಲ್ಲ. ಹಾಗೆಂದು ಅಂಥ ಗ್ರಂಥವನ್ನು ಬಿಸುಡಬೇಕಾಗಿಲ್ಲ. ಅದು ತಾನು ಹೇಳುವ ಕಾಲಕ್ಕೆ ಸಾಕ್ಷಿಯಲ್ಲ, ತಾನು ಹುಟ್ಟಿದ ಕಾಲಕ್ಕೆ ಸಾಕ್ಷಿ. ಜನರು ಯಾರ ಮಕ್ಕಳೆನ್ನಿಸಿಕೊಳ್ಳಲು ಬಯಸಿದರೆಂಬುದನ್ನು ಅದರಿಂದ ತಿಳಿಯಬಹುದು.

ಹಟ್ಟಿಯಂಗಡಿ ಎಂಬ ಹೆಸರಿಗೂ ಇದೇ ಎಚ್ಚರಿಕೆ ಸಲ್ಲುವುದು. ಪಾಲು ಹಾಲಾದಂತೆ ಪಟ್ಟಿ ಹಟ್ಟಿಯಾಗಿರಬಹುದು. ಅಂಗಡಿ ಎಂಬುದು ವ್ಯಾಪಾರವನ್ನು ಸೂಚಿಸಬಹುದು. ಅದೇ ಹೊಳೆಯ ತೀರದ ಬಸರೂರು ದೊಡ್ಡ ರೇವಾಗಿತ್ತೆಂಬುದಕ್ಕೆ ಪೋರ್ತುಗೀಸರ ಬರಹಗಳಿವೆ. ಬಾರಕೂರಿಗೆ ಸುಮಾರು 1342ರಲ್ಲಿ ಬಂದ ಇಬನ್ ಬತೂತನು ಅಲ್ಲಿಯ ಅರಸನಿಗೆ ಮೂವತ್ತರಷ್ಟು ಯುದ್ಧನೌಕೆಗಳಿದ್ದುವೆಂದು ಹೇಳಿರುವನು. ಊರಿನ ಕಬ್ಬನ್ನು ಹೊಗಳಿರುವನು. ಆದರೆ ಅವನೂ ಹತ್ತು ಹನ್ನೆರಡು ವರ್ಷಗಳ ತರುವಾಯ, ಮೊರಾಕೊದಲ್ಲಿ ಕುಳಿತು ನೆನಪಿನಿಂದ ಹೇಳಿ ಬರೆಯಿಸಿದವನು. ಹೆಸರು ದಾರಿ ತೋರುವುದು, ಪರದೇಶಿಯು ದೀಪ ಹಿಡಿಯುವನು. ಊರನ್ನು ಸೇರಿಸುವುದು ಮಾತ್ರ ಆ ಊರಿನದೇ ಕಲ್ಲು ಓಲೆಗಳು.

ಮೊದಲಿನ ಪ್ರಶ್ನೆ ಇಲ್ಲಿ ತೀಕ್ಷ್ಣವಾಗುವುದು. ದೇವಾಲಯದ ಜೀರ್ಣೋದ್ಧಾರವಾಗುವಾಗ ಅಕ್ಷರವಿದ್ದ ಕಲ್ಲು ಸೋಪಾನವಾಗಿ ಮಗುಚಿ ಬೀಳುವುದುಂಟು. ಸಿಮೆಂಟಿನ ಗಿಲಾವಿನ ಹಿಂದೆ ಅಡಗುವುದುಂಟು. ಇದು ಅಜ್ಞಾನದ ಅಪರಾಧ, ತಿಳಿಯಹೇಳಿದರೆ ನಿಲ್ಲಬಹುದು. ತಿಳಿದವರ ಮನೆಯಲ್ಲಿ ನಡೆಯುವುದು ಇನ್ನೊಂದು. ಒಂದು ಮನೆಯ ಉಪ್ಪರಿಗೆಯಲ್ಲಿ ಒರಲೆ ಹತ್ತಿದ ಪೆಟ್ಟಿಗೆಯೊಂದಿದೆ ಎಂದು ಭಾವಿಸೋಣ. ಅದರಲ್ಲಿ ದೇವಸ್ಥಾನಕ್ಕೆ ಉಂಬಳಿ ಬಿಟ್ಟ ಓಲೆಯೂ ಇದೆ. ಮೂಲಗೇಣಿಯ ಚೀಟೂ ಇದೆ. ಅವುಗಳ ಕೆಳಗೆ, ಇಂಥ ಆಳನ್ನು ಅವನ ಹೆಂಡತಿ ಮಕ್ಕಳ ಸಹಿತ ಇಷ್ಟು ವರಹಕ್ಕೆ ಕೊಂಡೆವೆಂಬ ಓಲೆಯೂ ಇದೆ. ಇದು ಬರಿಯ ಊಹೆಯ ಮಾತಲ್ಲ. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನ್ನನು ದುಡಿಯುವ ಆಳುಗಳನ್ನು ಮಾರುವ ಕೊಳ್ಳುವ ವಾಡಿಕೆಯನ್ನು ಬರೆದಿಟ್ಟಿರುವನು. ಅಂಥ ಹಕ್ಕನ್ನು ನ್ಯಾಯಾಲಯಗಳು ಮನ್ನಿಸಬಾರದೆಂಬ ಶಾಸನ ಬಂದುದು 1843ರಲ್ಲಿ. ಮನೆಯ ಯಜಮಾನರು ಮೊದಲ ಓಲೆಗೆ ಗಾಜಿನ ಚೌಕಟ್ಟು ಹಾಕಿಸುವರು. ಕೊನೆಯದನ್ನು ಏನು ಮಾಡಬೇಕು?

ಸುಡಬೇಕೆನ್ನುವವರ ವಾದವು ತಿರಸ್ಕರಿಸತಕ್ಕುದಲ್ಲ. ಪಿತೃಗಳ ಕುಂದನ್ನು ಮರೆಮಾಡುವುದು ಮಕ್ಕಳ ಧರ್ಮವಲ್ಲವೆ? ಸತ್ತವರು ಬಂದು ಸಮಾಧಾನ ಹೇಳಲಾರರು. ಕೊಂಡವನ ಮೊಮ್ಮಗನೂ ಮಾರಲ್ಪಟ್ಟವನ ಮೊಮ್ಮಗನೂ ಇಂದು ಒಂದೇ ಶಾಲೆಯ ಬೆಂಚಿನಲ್ಲಿ ಕುಳಿತಿರುವಾಗ ಹಳೆಯ ಗಾಯವನ್ನು ಕೆದಕುವುದರಿಂದ ಯಾರಿಗೆ ಹಿತ? ಮೇಲಾಗಿ ಓಲೆ ಅವರ ಮನೆಯದು. ಅವರ ವಸ್ತುವನ್ನು ಅವರು ಸುಟ್ಟರೆ ಕೇಳುವವರಾರು?

ಕೊನೆಯ ಮಾತಿನಲ್ಲಿಯೇ ದೋಷವಿರುವುದು. ಓಲೆಯ ಗರಿ ಆ ಮನೆಯದಿರಬಹುದು. ಅದರಲ್ಲಿಯ ಸಾಕ್ಷ್ಯ ಆ ಮನೆಯೊಂದರದಲ್ಲ. ಮನುಸ್ಮೃತಿಯು ಎಣಿಸುವ ಹದಿನೆಂಟು ವ್ಯವಹಾರಪದಗಳಲ್ಲಿ ನಿಕ್ಷೇಪ ಎಂಬುದೊಂದು. ನಂಬಿ ಇಟ್ಟುದನ್ನು ಕಾಪಾಡಿ ಹಿಂದಿರುಗಿಸಬೇಕಾದ ಹೊಣೆ ಅದು. ಇಟ್ಟವನು ಬಂದು ಕೇಳದಿದ್ದರೂ ನಿಕ್ಷೇಪವು ಇಟ್ಟುಕೊಂಡವನ ಸೊತ್ತಾಗದು. ಆ ಓಲೆಯಲ್ಲಿ ಇಬ್ಬರ ಹೆಸರುಗಳಿವೆ. ಕೊಂಡವನ ಹೆಸರು ಮತ್ತೆ ಹತ್ತು ಪತ್ರಗಳಲ್ಲಿ ಸಿಕ್ಕುವುದು. ಉಂಬಳಿಯ ಓಲೆಯಲ್ಲಿದೆ, ದೇವಸ್ಥಾನದ ಗೋಡೆಯಲ್ಲಿದೆ. ಮಾರಲ್ಪಟ್ಟವನ ಹೆಸರು ಜಗತ್ತಿನಲ್ಲಿ ಇರುವುದು ಆ ಒಂದೇ ಗರಿಯಲ್ಲಿ. ಅದನ್ನು ಸುಟ್ಟರೆ ಅಜ್ಜನ ಕುಂದು ಮರೆಯಾಗುವುದೋ ಇಲ್ಲವೋ, ಆ ಆಳು ಎರಡನೆಯ ಸಲ ಸಾಯುವನು.

ಈ ವಿಷಯದಲ್ಲಿಯೂ ಹಂಗೇರಿಯ ಉದಾಹರಣೆ ಬೋಧಪ್ರದವಾದುದು. 1526ರಲ್ಲಿ ಮೊಹಾಚ್ ಯುದ್ಧದಲ್ಲಿ ಸೋತ ಬಳಿಕ ಆ ದೇಶದ ಅರಸರ ದಫ್ತರದ ಬಹುಭಾಗ ನಾಶವಾಯಿತು. 1541ರಲ್ಲಿ ರಾಜಧಾನಿಯಾದ ಬುಡಾ ತುರ್ಕರ ವಶವಾಯಿತು. ಅಲ್ಲಿಂದ ಮುಂದೆ ಗೆದ್ದವರು ತೆರಿಗೆ ಎತ್ತುವುದಕ್ಕಾಗಿ ಗ್ರಾಮಗ್ರಾಮದ ಮನೆಯಜಮಾನರ ಹೆಸರುಗಳನ್ನು ಬರೆದುಕೊಂಡರು. ಸೋಲಿನ ಗುರುತಾದ ಆ ಲೆಕ್ಕದ ಪುಸ್ತಕಗಳಲ್ಲಿಯೇ ಇಂದು ಸಾಮಾನ್ಯ ರೈತರ ಹೆಸರುಗಳು ಸಿಕ್ಕುವುದು. ಅವಮಾನದ ಕಾಗದವೆಂದು ಅವನ್ನು ಸುಟ್ಟಿದ್ದರೆ ಆ ದೇಶವು ತನ್ನ ಬಡವರನ್ನೇ ಕಳೆದುಕೊಳ್ಳುತ್ತಿತ್ತು.

ಹಾಗಾದರೆ ಪೆಟ್ಟಿಗೆಯಲ್ಲಿರುವುದೆಲ್ಲವನ್ನೂ ಬೀದಿಯಲ್ಲಿ ಹರಡಬೇಕೆ? ಹಾಗೇನೂ ಅಲ್ಲ. ಕಾಪಾಡುವುದು ಬೇರೆ, ಸಾರುವುದು ಬೇರೆ. ಬದುಕಿರುವವರಿಗೆ ನೋವು ತಟ್ಟುವಲ್ಲಿ ಹೆಸರನ್ನು ಮರೆಮಾಡಿ ಸಂಗತಿಯನ್ನು ತಿಳಿಸಬಹುದು. ಪಾಕವಾಗದ ಕಾಲವೆಂದು ತೋರಿದರೆ ಒಂದು ತಲೆಮಾರು ಮೌನವಾಗಿರಬಹುದು. ಮೌನವನ್ನು ನಾಳೆ ಮುರಿಯಬಹುದು. ಬೂದಿಯನ್ನು ಮತ್ತೆ ಓಲೆ ಮಾಡಲಾಗದು. ತಡೆದಿಡುವ ಅಧಿಕಾರ ಸ್ವಲ್ಪಮಟ್ಟಿಗೆ ಯಜಮಾನರಿಗುಂಟು, ಅಳಿಸುವ ಅಧಿಕಾರ ಎಳ್ಳಷ್ಟೂ ಇಲ್ಲ. ಪಿತೃಋಣದ ತೀರಿಕೆಯೂ ಹೀಗೆಯೇ. ಅಜ್ಜನನ್ನು ದೇವರನ್ನಾಗಿ ಮಾಡುವುದು ಶ್ರದ್ಧೆಯಲ್ಲ. ಅವನು ಹೇಗಿದ್ದನೋ ಹಾಗೆ ಅವನನ್ನು ತನ್ನವನೆಂದು ಒಪ್ಪುವುದು ಶ್ರದ್ಧೆ.

ಈ ಕೆಲಸಕ್ಕೆ ದೊಡ್ಡ ಸಾಧನಗಳು ಬೇಡ. ದಕ್ಷಿಣ ಕನ್ನಡವು 1956ರ ವರೆಗೆ ಮದರಾಸಿಗೆ ಸೇರಿದ್ದುದರಿಂದ ಇಲ್ಲಿಯ ಶಾಸನಗಳಲ್ಲಿ ಅನೇಕವು ದಕ್ಷಿಣ ಭಾರತದ ಶಾಸನಗಳ ಸಂಪುಟಗಳಲ್ಲಿ ಅಚ್ಚಾಗಿವೆ. ಪಾದೂರು ಗುರುರಾಜ ಭಟ್ಟರು ಊರೂರು ತಿರುಗಿ ಕಂಡುದನ್ನು 1975ರಲ್ಲಿ ತುಳುವ ನಾಡಿನ ಇತಿಹಾಸವನ್ನು ಕುರಿತ ಬೃಹದ್ಗ್ರಂಥವಾಗಿ ಹೊರತಂದರು. ಒದ್ದೆಯ ಕಾಗದವನ್ನು ಕಲ್ಲಿಗೆ ಒತ್ತಿ, ಕುಂಚದಿಂದ ಬಡಿದು, ಮಸಿ ಸವರಿ ಅಚ್ಚು ತೆಗೆಯುವುದಕ್ಕೆ ಅರ್ಧ ದಿನ ಸಾಕು. ಸಾಲದೆ ಬಂದಿರುವುದು ಕಾಗದವೂ ಅಲ್ಲ, ಮಸಿಯೂ ಅಲ್ಲ. ತನಗೆ ಒಗ್ಗದ ಸಾಕ್ಷಿಯನ್ನೂ ಉಳಿಸುವ ಮನಸ್ಸು.

ಹಳೆಯ ದಾನಶಾಸನಗಳ ಕೊನೆಯಲ್ಲಿ ಶಾಪವಚನವಿರುವುದನ್ನು ವಾಚಕರು ಬಲ್ಲರು. ದಾನವನ್ನು ಅಳಿಪಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟಲೆಂದು ಬರೆಯಿಸುವರು. ಎಷ್ಟೋ ಶಾಸನಗಳಲ್ಲಿ ಈ ಎಚ್ಚರಿಕೆ ಅನ್ಯ ಅರಸರಿಗೆ ಮಾತ್ರವಲ್ಲ, ದಾನಿಯ ಸ್ವಂತ ವಂಶದವರಿಗೂ ಸಲ್ಲುವುದು. ಕಲ್ಲನ್ನು ಬರೆಯಿಸಿದವರಿಗೆ ಹಗೆಗಳ ಭಯವಿದ್ದಂತೆ ಮಕ್ಕಳ ಭಯವೂ ಇದ್ದಿತು. ಹಟ್ಟಿಯಂಗಡಿಯಲ್ಲಾಗಲಿ, ಬಾರಕೂರಿನಲ್ಲಾಗಲಿ, ಹಳೆಯ ಪೆಟ್ಟಿಗೆಯ ಬೀಗ ತೆರೆಯುವವರು ಆ ಭಯವು ಸುಳ್ಳೆಂದು ತೋರಿಸಿದರೆ ಅದೇ ಅವರ ಹಿರಿಯರಿಗೆ ಕೊಡುವ ತರ್ಪಣ.