ನಿವೃತ್ತಿಯೂ ಕಾಯಕವೂ

ಅರುವತ್ತು ದಾಟಿದ ಗೃಹಸ್ಥನು ವ್ಯಾಪಾರ ವ್ಯವಹಾರಗಳನ್ನು ಮಕ್ಕಳಿಗೆ ಒಪ್ಪಿಸಿ, ಊರ ಹೊರಗೆ ಗಿಡಮರಗಳ ನಡುವೆ ಲಿಂಗಪೂಜಾನಿರತನಾಗಿ ಕಾಲ ಕಳೆಯಬಹುದೆ? ಶರಣಧರ್ಮವು ಇದಕ್ಕೆ ಸಮ್ಮತಿ ಕೊಡುವುದೊ, ಇಲ್ಲವೊ? ದಾವಣಗೆರೆಯ ಮಂಡಿಪೇಟೆಯ ಭಕ್ತರಲ್ಲಿ ಈ ಪ್ರಶ್ನೆ ಆಗಾಗ ಏಳುವುದುಂಟು. ಮೂಟೆ, ತೂಕ, ದಲ್ಲಾಳಿ, ಕಿರ್ದಿ ಖಾತೆಗಳ ನಡುವೆ ನಲವತ್ತು ವರ್ಷ ಕುಳಿತವನ ಮನಸ್ಸು ಸುಮಾರು 14 ಕಿಲೋಮೀಟರ್ ಆಚೆ ಹರಿಹರದಲ್ಲಿ ಹರಿಯುವ ತುಂಗಭದ್ರೆಯ ಕಡೆಗೆ ಓಡಿದರೆ ಅದು ಆಶ್ಚರ್ಯವೇನೂ ಅಲ್ಲ. ಆ ಹಂಬಲವನ್ನು ಹಾಸ್ಯಮಾಡುವವರು ಮಂಡಿಯ ಧೂಳನ್ನು ಕುಡಿದವರಲ್ಲ.

ನಮ್ಮ ಪ್ರಾಚೀನರು ಇದಕ್ಕೆ ಒಂದು ವ್ಯವಸ್ಥೆಯನ್ನೇ ಮಾಡಿದ್ದರು. ಕೂದಲು ನರೆತು, ಮೈ ಸುಕ್ಕುಗಟ್ಟಿ, ಮೊಮ್ಮಗನ ಮುಖ ಕಂಡ ಮೇಲೆ ಗೃಹಸ್ಥನು ಅರಣ್ಯವನ್ನು ಆಶ್ರಯಿಸಬೇಕೆಂದು ಮನುಸ್ಮೃತಿಯು ವಿಧಿಸುತ್ತದೆ. ರಘುವಂಶದ ಎಂಟನೆಯ ಸರ್ಗದಲ್ಲಿ ರಘುಮಹಾರಾಜನು ಕಾಡಿಗೆ ಹೊರಟಾಗ ಮಗನಾದ ಅಜನು ಕಣ್ಣೀರಿಟ್ಟು ತಡೆಯುತ್ತಾನೆ. ಮಗನ ಮೇಲಿನ ವಾತ್ಸಲ್ಯದಿಂದ ರಘುವು ನಗರದ ಹೊರಗೇ ಉಳಿದನು. ಆದರೆ ಬಿಟ್ಟ ರಾಜ್ಯಲಕ್ಷ್ಮಿಯನ್ನು ಮತ್ತೆ ಕೈಯಿಂದ ಮುಟ್ಟಲಿಲ್ಲ. ಈ ಕೊನೆಯ ಮಾತನ್ನು ನಮ್ಮ ವರ್ತಕ ಮಹಾಶಯರು ಗಮನಿಸಬೇಕು. ರಘುವಿಗೂ ಅವನ ಸಿಂಹಾಸನಕ್ಕೂ ನಡುವೆ ಇದ್ದುದು ಒಂದು ಊರಗೋಡೆ ಮಾತ್ರ. ಅಷ್ಟು ಸಮೀಪದಲ್ಲಿದ್ದೂ ಅವನು ಹಿಂದಿರುಗಿ ನೋಡಲಿಲ್ಲವೆಂಬುದೇ ಅವನ ಹಿರಿಮೆ.

ಶರಣರು ಈ ಆಶ್ರಮಕ್ರಮವನ್ನು ಹಾಗೆಯೇ ಸ್ವೀಕರಿಸಲಿಲ್ಲ. ಜೀವನವನ್ನು ನಾಲ್ಕು ತುಂಡು ಮಾಡಿ, ಒಂದರಲ್ಲಿ ಗಳಿಸಿ ಇನ್ನೊಂದರಲ್ಲಿ ತ್ಯಜಿಸುವ ಲೆಕ್ಕ ಅವರಿಗೆ ಒಪ್ಪಿಗೆಯಾಗಲಿಲ್ಲ. ಮೋಳಿಗೆಯ ಮಾರಯ್ಯನವರ ಚರಿತ್ರೆಯನ್ನು ನೋಡಿರಿ. ಅವರು ಕಾಶ್ಮೀರದ ಅರಸರಾಗಿದ್ದರೆಂದೂ, ರಾಜ್ಯವನ್ನು ತೊರೆದು ಪತ್ನಿಯೊಡನೆ ಕಲ್ಯಾಣಕ್ಕೆ ಬಂದರೆಂದೂ ಪರಂಪರೆಯು ಹೇಳುತ್ತದೆ. ಇದು ನಿವೃತ್ತಿಯಲ್ಲವೆ? ನಿಶ್ಚಯವಾಗಿ ನಿವೃತ್ತಿಯೇ. ಆದರೆ ಅರಮನೆಯನ್ನು ಬಿಟ್ಟ ಆ ಕೈ ಹಿಡಿದದ್ದು ಕೊಡಲಿಯನ್ನು. ಅವರು ದಿನವೂ ಕಾಡಿಗೆ ಹೋದರು, ಸೌದೆ ಕಡಿದರು, ಹೊರೆ ಹೊತ್ತು ತಂದು ಮಾರಿ ಜಂಗಮದಾಸೋಹ ನಡೆಸಿದರು. ಹೀಗಿರುವ ಮಾರಯ್ಯನವರೇ ಕಡೆಗೆ ಐಕ್ಯಪದವನ್ನು ಹಂಬಲಿಸಿದಾಗ, ಇಲ್ಲಿ ಇಲ್ಲದ್ದು ಬೇರೆಲ್ಲಿ ಉಂಟೆಂಬ ವಿಚಾರವನ್ನು ಅವರ ಮುಂದಿಟ್ಟು ತಿದ್ದಿದವರು ಪತ್ನಿ ಮಹಾದೇವಮ್ಮನವರು. ಆ ಸಂವಾದವು ಶೂನ್ಯಸಂಪಾದನೆಯಲ್ಲಿದೆ. ಕೈಲಾಸವನ್ನೇ ದೂರದಲ್ಲಿ ಹುಡುಕಬಾರದೆಂದ ಮೇಲೆ, ಶಾಂತಿಯನ್ನು ಒಂದು ತೋಟದ ಮನೆಯಲ್ಲಿ ಹುಡುಕುವವನು ಎಷ್ಟು ಎಚ್ಚರದಿಂದಿರಬೇಕು!

‘ಹಾಗಾದರೆ ಅಕ್ಕಮಹಾದೇವಿ ಕದಳಿಯನ್ನು ಹೊಕ್ಕುದೇಕೆ?’ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪವು ಸಾಧುವಾದುದೇ. ಆದರೆ ಅಕ್ಕನು ಮೊದಲು ಕಲ್ಯಾಣದ ಅನುಭವಮಂಟಪದಲ್ಲಿ ಪ್ರಭುದೇವರ ಕಠಿನ ಪರೀಕ್ಷೆಯನ್ನು ಎದುರಿಸಿ, ಅನಂತರ ಶ್ರೀಶೈಲದ ಹಾದಿ ಹಿಡಿದಳು. ಅಡವಿಯ ಗಿಣಿಕೋಗಿಲೆಗಳನ್ನು ಆಕೆ ಮಾತನಾಡಿಸಿದ್ದು ಚೆನ್ನಮಲ್ಲಿಕಾರ್ಜುನನ ಸುಳುಹನ್ನು ಕೇಳುವುದಕ್ಕಾಗಿ, ಹೊರತು ತಂಪುಗಾಳಿಯ ಸುಖಕ್ಕಾಗಿ ಅಲ್ಲ. ನಾವು ತೋಟಕ್ಕೆ ಹೋಗಿ ಅಕ್ಕನ ಹೆಸರು ಹೇಳುವುದು ಸುಲಭ. ಹಸಿವು, ಚಳಿ, ಒಂಟಿತನಗಳನ್ನು ಆಕೆಯಂತೆ ಹೊರುವುದು ಬೇರೆಯ ಮಾತು.

ಶರಣರ ಕಾಲ ಹಾಗಿರಲಿ, ನಮ್ಮ ನೆಲದಲ್ಲಿಯೇ ನಡೆದ ಒಂದು ಜೀವನವುಂಟು. ಹರ್ಡೇಕರ ಮಂಜಪ್ಪನವರು (1886–1947) ಬನವಾಸಿಯಲ್ಲಿ ಹುಟ್ಟಿ, ಶಿರಸಿಯಲ್ಲಿ ಉಪಾಧ್ಯಾಯರಾಗಿದ್ದು, ಆ ವೃತ್ತಿಯನ್ನು ಬಿಟ್ಟು ದಾವಣಗೆರೆಗೆ ಬಂದವರು. 1906ರಲ್ಲಿ ‘ಧನುರ್ಧಾರಿ’ ಪತ್ರಿಕೆಯನ್ನು ಆರಂಭಿಸಿದರು. 1913ರಲ್ಲಿ ಇಲ್ಲಿಯ ವಿರಕ್ತಮಠದ ಮೃತ್ಯುಂಜಯ ಸ್ವಾಮಿಗಳವರೊಡನೆ ಬಸವಜಯಂತಿಯ ಸಾರ್ವಜನಿಕ ಉತ್ಸವಕ್ಕೆ ನಾಂದಿ ಹಾಕಿದರು. ಅನಂತರ ಅವರು ಪೇಟೆಯಿಂದ ಹೊರಟು ಹರಿಹರದ ಬಳಿ ತುಂಗಭದ್ರೆಯ ದಂಡೆಯಲ್ಲಿ ಸತ್ಯಾಗ್ರಹಾಶ್ರಮವನ್ನು ಸ್ಥಾಪಿಸಿದರು. ಕಡೆಗೆ ಕೃಷ್ಣಾತೀರದ ಆಲಮಟ್ಟಿಯಲ್ಲಿ ನೆಲೆಸಿದರು. ನದಿ, ಸರಳವಾದ ಉಡುಗೆ, ಮಿತಾಹಾರ, ಬ್ರಹ್ಮಚರ್ಯ, ಪ್ರಾರ್ಥನೆ: ನಮ್ಮ ಗೃಹಸ್ಥರು ಬಯಸುವುದೆಲ್ಲವೂ ಅಲ್ಲಿತ್ತು. ಆದರೆ ಅಲ್ಲಿ ಚರಕವೂ ಇತ್ತು, ವಿದ್ಯಾಲಯವೂ ಇತ್ತು, ಬರವಣಿಗೆಯೂ ಇತ್ತು. ಅವರು ಮುಪ್ಪಿನಲ್ಲಿ ವಿಶ್ರಾಂತಿಗೆಂದು ಹೋದವರಲ್ಲ, ನಡುಪ್ರಾಯದಲ್ಲಿಯೇ ಹೋದವರು ಎಂಬುದು ನಿಜ. ಆದರೂ ಜಲತೀರದ ಏಕಾಂತವು ಕಾಯಕದೊಡನೆ ಹೇಗೆ ಒಂದಾಗಬಲ್ಲುದು ಎಂಬುದಕ್ಕೆ ದಾವಣಗೆರೆಯವರು ದೂರ ಹುಡುಕಬೇಕಾಗಿಲ್ಲ.

ಆದುದರಿಂದ ಊರು ಬಿಡುವುದರಲ್ಲಿ ದೋಷವಿಲ್ಲ. ಏನನ್ನು ಬಿಟ್ಟು ಏನನ್ನು ಜೊತೆಗೊಯ್ದೆವು ಎಂಬುದೇ ವಿಚಾರಣೀಯ. ಕೆಲವರು ಮನೆಯನ್ನು ಮಾತ್ರ ಬಿಡುತ್ತಾರೆ, ತಿಜೋರಿಯ ಬೀಗದ ಕೈಯನ್ನು ಬಿಡುವುದಿಲ್ಲ. ತೆಂಗಿನ ನೆರಳಲ್ಲಿ ಕುಳಿತು ಕೈಯಲ್ಲಿನ ದೂರವಾಣಿಯಿಂದ ಗಳಿಗೆಗೊಮ್ಮೆ ಮೆಕ್ಕೆಜೋಳದ ಧಾರಣೆ ಕೇಳುತ್ತಾರೆ; ಐವತ್ತರ ಹತ್ತಿರದ ಮಗನು ಒಂದು ಲೋಡು ಮಾಲು ಮಾರುವುದಕ್ಕೂ ಅಪ್ಪನ ಅಪ್ಪಣೆಗೆ ಕಾಯಬೇಕು. ಇದು ಮಂಡಿಯ ಸ್ಥಳಾಂತರವೇ ಹೊರತು ನಿವೃತ್ತಿಯಲ್ಲ. ಮತ್ತೆ ಕೆಲವರು ಎಲ್ಲವನ್ನೂ ಬಿಟ್ಟು, ಕೈಗೆ ಯಾವ ಕೆಲಸವನ್ನೂ ಇಟ್ಟುಕೊಳ್ಳದೆ, ಪೂಜೆ ಮುಗಿದ ಮೇಲೆ ದಿನವೆಲ್ಲ ಊಟದ ಹೊತ್ತನ್ನು ಎಣಿಸುತ್ತಾರೆ. ಎರಡರಲ್ಲಿ ಯಾವುದು ಹೆಚ್ಚು ಶೋಚನೀಯವೆಂದು ಹೇಳುವುದು ಕಷ್ಟ. ದೇಹ ಕುಗ್ಗಿದವನಿಗೆ ಎಂತಹ ಕಾಯಕವೆಂದರೆ, ಅವನ ಶಕ್ತಿಗೆ ತಕ್ಕುದು ಎಂದೇ ಉತ್ತರ. ಪೂಜೆಗೆ ಹೂಗಿಡ ಬೆಳೆಸಬಹುದು, ಸಸಿ ಮಾಡಿ ಹಂಚಬಹುದು, ನೆರೆಹೊಲದ ಕೂಲಿಯವರ ಮಕ್ಕಳಿಗೆ ಲೆಕ್ಕ ಕಲಿಸಬಹುದು. ನಲವತ್ತು ವರ್ಷ ಖಾತೆ ಬರೆದವನಿಗಿಂತ ಚೆನ್ನಾಗಿ ಅದನ್ನು ಕಲಿಸುವವರಾರು?

ಇನ್ನೊಂದು ಮಾತು, ಇದನ್ನು ಹೇಳುವವರು ವಿರಳ. ಯಜಮಾನನು ನಿವೃತ್ತನಾದಾಗ ಯಜಮಾನಿಗೂ ನಿವೃತ್ತಿ ದೊರೆಯುವುದೆ? ಊರಮನೆಯಲ್ಲಿ ಸೊಸೆಯರು, ಮೊಮ್ಮಕ್ಕಳು, ನೆರೆಹೊರೆಯವರು ಆಕೆಗೆ ಆಸರೆಯಾಗಿದ್ದರು. ತೋಟದ ಮನೆಯಲ್ಲಿ ಒಲೆ ಹಚ್ಚುವುದು, ರೊಟ್ಟಿ ಬಡಿಯುವುದು, ಸಾಧುಗಳನ್ನು ಕಾಣಲು ಬಂದವರಿಗೆ ಪ್ರಸಾದ ಸಿದ್ಧಪಡಿಸುವುದು ಎಲ್ಲವೂ ಆಕೆಯೊಬ್ಬಳ ಪಾಲಿಗೆ ಬರುತ್ತದೆ. ಪತಿಯ ಸರಳಜೀವನವು ಪತ್ನಿಯ ಬೆನ್ನುನೋವಿನ ಮೇಲೆ ನಿಂತಿದ್ದರೆ ಅದನ್ನು ಸರಳವೆನ್ನುವುದು ಹೇಗೆ? ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ತಂದಲ್ಲಿಯೇ ಸುರಿದು ಬನ್ನಿರೆಂದು ಹಿಂದಕ್ಕೆ ಕಳುಹಿಸಿದವರು ಲಕ್ಕಮ್ಮನವರು. ಆ ಮನೆಯಲ್ಲಿ ಎಷ್ಟು ಸಾಕು ಎಂಬುದನ್ನು ನಿರ್ಣಯಿಸುವ ಅಧಿಕಾರ ಆಕೆಗಿತ್ತು, ಪತಿಯು ಅದಕ್ಕೆ ತಲೆಬಾಗಿದರು. ಹರಿಹರದ ಕಡೆ ನೆಲ ನೋಡಲು ಹೊರಡುವವರು ಮೊದಲು ಮನೆಯವರನ್ನು ಕೂರಿಸಿಕೊಂಡು ಅವರ ಅಭಿಪ್ರಾಯವನ್ನು ಕೇಳಲಿ. ಅವರು ಬೇಡವೆಂದರೆ ಮಂಡಿಪೇಟೆಯ ಮನೆಯ ಮಾಳಿಗೆಯ ಮೇಲೆಯೂ ನಾಲ್ಕು ಹೂಕುಂಡಗಳನ್ನಿಡಲು ಸ್ಥಳವಿರುತ್ತದೆ.